ನೀರು ಕೇಳದ ಗಿಡಗಳು

"ಈ ಬೇಸಿಗೆ ಮುಗಿಯೋ ತನಕ ನಮ್ಮ ಅಂಗಳದಲ್ಲಿ ಯಾರೂ ಒಂದು ತೊಟ್ಟು ನೀರು ಹೊರಕೂಡದು! ಆದರೂ ಅಂಗಳದ ತುಂಬ ಹೂ ಅರಳಬೇಕು! ಅರಳಿಸಿ ತೋರಿಸ್ತೀನಿ!"

ಊಟದ ನಡುವೆ ಎದ್ದು ನಿಂತು ನಾನು ಹೀಗೆಂದು ಘೋಷಿಸಿದೆ. ಎಡಗೈ ಎತ್ತಿದ್ದೆ. ಬಲಗೈಯಲ್ಲಿ ಚಮಚವಿತ್ತು, ಅದನ್ನೂ ಎತ್ತಿದೆ.

"ಮೊದಲು ಕೂತ್ಕೊಂಡು ಉಣ್ರೀ, ತಣ್ಣಗಾಗ್ತಿದೆ," ಎಂದಳು ಹೆಂಡತಿ.

ಅಪ್ಪ ಏನೂ ಹೇಳಲಿಲ್ಲ. ಅಮ್ಮ ಹೋದ ಮೇಲೆ ಅವರು ಏನನ್ನೂ ಹೇಳುವುದಿಲ್ಲ. ಕೇಳಿದರೆ "ಹೂಂ". ಕೇಳದಿದ್ದರೆ ಅದೂ ಇಲ್ಲ.

ಅಂಗಳ ಅಮ್ಮನ ಸಾಮ್ರಾಜ್ಯವಾಗಿತ್ತು. ಅಪ್ಪ ಆ ಸಾಮ್ರಾಜ್ಯದ ನೀರಾವರಿ ಮಂತ್ರಿ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತು ಬೆರಳು ತೋರಿಸುವಳು, ಅವರು ಕ್ಯಾನು ಬಗ್ಗಿಸುವರು. ಗುಲಾಬಿ, ಡೇಲಿಯಾ, ಎಲ್ಲಕ್ಕಿಂತ ಮೇಲೆ ನೀಲಿ ಚೆಂಡಿನಂಥ ಗೊಂಚಲು ಬಿಡುವ ಹೈಡ್ರೇಂಜ. ಅದಕ್ಕೆ ಅಮ್ಮ ಇಟ್ಟ ಹೆಸರು ಮಹಾರಾಣಿ. ಮಧ್ಯಾಹ್ನದ ಬಿಸಿಲಿಗೆ ತಲೆ ಜೋತುಬಿಟ್ಟು, ನೀರು ಕಂಡರೆ ಮತ್ತೆ ತಲೆಯೆತ್ತುವ ಮಹಾ ಹಟಮಾರಿ.

ಚಳಿಗಾಲದಲ್ಲಿ ಅಮ್ಮ ಮಲಗಿದವಳು ಏಳಲಿಲ್ಲ. ಆಮೇಲೆ ಮನೆ ತುಂಬ ಜನ. ಬಂದವರಿಗೆಲ್ಲ ನೀರು ಕೊಟ್ಟೆವು, ಗಿಡಗಳಿಗೆ ಕೊಡಲು ಮರೆತೆವು. ನೆನಪಾಗುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. ಮಹಾರಾಣಿ ಒಣಕಡ್ಡಿಯಾಗಿದ್ದಳು.

ಬಿಸಿಲು ಶುರುವಾದಾಗ ಅಪ್ಪ ತುಂಬಿದ ಕ್ಯಾನು ಹೊತ್ತುಕೊಂಡು ಆ ಒಣಕಡ್ಡಿಗೆ ನೀರು ಹಾಕಲು ಹೊರಟರು. ಅಂಗಳಕ್ಕಿಳಿಯುವ ಮೆಟ್ಟಿಲಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ. ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು, "ಈ ಸಲ ಪಾರಾದ್ರು. ಇನ್ನೊಂದ್ಸಲ ಬಿದ್ರೆ ಹಾಸಿಗೆ ಹಿಡೀತಾರೆ, ಏಳೋದು ಕಷ್ಟ. ಭಾರ ಎತ್ತೋಕೆ ಬಿಡಬೇಡಿ," ಎಂದರು. ಒಬ್ಬರನ್ನು ಕಳೆದುಕೊಂಡ ಮನೆ. ಇನ್ನೊಬ್ಬರನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಅಪ್ಪನ ಕೈಕಾಲೂ ಉಳಿಯಬೇಕು, ಅಂಗಳವೂ ಬೋಳಾಗಿರಬಾರದು. ಹಾಗಾಗಿ ನೀರು ಕೇಳದ ಗಿಡಗಳು!

ಈ ಮಹತ್ಕಾರ್ಯಕ್ಕೆ ನನಗಿಂತ ಯೋಗ್ಯನೆಲ್ಲಿ ಸಿಕ್ಕಾನು? ನಾನು ನಗರದ ನೀರು ಕಚೇರಿಯಲ್ಲಿ ಸೋರಿಕೆ ಪತ್ತೆ ಮಾಡುವವನು. ರಸ್ತೆಯ ಮೇಲೆ ಕಬ್ಬಿಣದ ಕೋಲು ಊರಿ, ಅದರ ತುದಿಗೆ ಕಿವಿಗೊಟ್ಟು, ನೆಲದಡಿಯ ಕೊಳವೆ ಎಲ್ಲಿ ಒಡೆದಿದೆ ಎಂದು ಹೇಳಬಲ್ಲೆ. ಭೂಗರ್ಭದ ಪಿಸುಮಾತೂ ನನ್ನ ಕಿವಿಯಿಂದ ತಪ್ಪಿಸಿಕೊಳ್ಳಲಾರದು! ಮನೆಯೊಳಗೆ ಮೂರು ಸಲ ಕೂಗಿದರೂ ಕೇಳಿಸುವುದಿಲ್ಲ ಎಂದು ಹೆಂಡತಿ ದೂರುವುದುಂಟು. ಅದು ಬೇರೆ ಇಲಾಖೆ.

ಮೂವರೂ ಸಸಿ ಮಾರುವಲ್ಲಿಗೆ ಹೋದೆವು. ಅಂಗಡಿಯಾಕೆ ಬಾಯಿಮಾತಿನಲ್ಲಿ ಮುಳ್ಳು ಕಳ್ಳಿಗೂ ಒಂದು ಕೈ ಮೇಲು.

"ನೋಡಮ್ಮ," ಎಂದೆ, "ಬಿಸಿಲಿಗೆ ಬಾಡಬಾರದು, ನೀರು ಕೇಳಬಾರದು, ಗೊಬ್ಬರ ಬೇಡಬಾರದು. ಬೇಸಿಗೆ ಪೂರ್ತಿ ಹೂ ಬಿಡಬೇಕು. ಅಂಥದ್ದು ಕೊಡಿ."

"ಪ್ಲಾಸ್ಟಿಕ್ಕಿಂದು ಎದುರುಗಡೆ ಅಂಗಡೀಲಿದೆ ಸ್ವಾಮಿ."

"ಇವರಿಗೆ ಜೀವ ಇರೋದೇ ಆಗಬೇಕು," ಎಂದಳು ಹೆಂಡತಿ, "ಆದರೆ ಜೀವ ಇದೆ ಅಂತ ಅದು ತೋರಿಸ್ಕೋಬಾರದು."

ಕೊನೆಗೆ ಮೂರು ಜಾತಿ ಗೊತ್ತಾದವು. ಕಾಗದದ ಹೂ: ಒಣಗಿಸಿದಷ್ಟೂ ಹೂ ಬಿಡುತ್ತದಂತೆ. ಸದಾಪುಷ್ಪ: ಗೋಡೆಯ ಬಿರುಕಿನಲ್ಲೂ ಸಂಸಾರ ಹೂಡುತ್ತದಂತೆ. ಟೇಬಲ್ ರೋಸ್: ಒಂದು ತುಂಡು ಮುರಿದು ಎಸೆದರೂ ಬಿದ್ದಲ್ಲೇ ಬೇರು ಬಿಟ್ಟು, ಬಿಸಿಲೇರಿದ ಹಾಗೆ ಅರಳುತ್ತದಂತೆ.

"ಮಣ್ಣು ಒಣಗಿದ್ರೆ ಮಾತ್ರ ಒಂಚೂರು ನೀರು," ಎಂದಳು ಆಕೆ. "ಇವನ್ನ ಸಾಯಿಸ್ಬೇಕು ಅಂದ್ರೆ ನೀವು ತುಂಬಾ ಕಷ್ಟಪಡಬೇಕು."

ಓದುಗರೇ, ಆ ಕಷ್ಟವನ್ನೂ ನಾವು ಪಟ್ಟೆವು!

ಹೊರಡುವಾಗ ಅಪ್ಪ ಕಾಣಲಿಲ್ಲ. ನೆರಳಿನ ಬಲೆಯ ಕೆಳಗೆ ಒಂದು ನೀಲಿ ಹೈಡ್ರೇಂಜದ ಮುಂದೆ ನಿಂತಿದ್ದರು. ಎಲೆಯೊಂದನ್ನು ಎರಡು ಬೆರಳಲ್ಲಿ ಹಿಡಿದಿದ್ದರು, ಮಗುವಿನ ಕಿವಿ ಹಿಡಿದ ಹಾಗೆ.

"ಅಪ್ಪ, ಅದು ಬೇಡ. ಅದಕ್ಕೆ ದಿನಾ ಎರಡು ಹೊತ್ತು ನೀರು ಬೇಕು."

"ಹೂಂ," ಎಂದು ಎಲೆ ಬಿಟ್ಟರು.

ಗಿಡ ನೆಟ್ಟೆ. ಶಾಸನ ಹೊರಡಿಸಿದೆ: ನೀರಿನ ವಿಷಯ ಇನ್ನು ಮುಂದೆ ನನ್ನೊಬ್ಬನದು! ಕ್ಯಾನನ್ನು ಅಟ್ಟಕ್ಕೇರಿಸಿದೆ. ಅಪ್ಪ ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತು, ಅದು ಮೇಲೇರುವುದನ್ನು ನೋಡಿದರು. ಅವರ ಕೈ ಮಡಿಲಲ್ಲಿ ಸುಮ್ಮನೆ ಬಿದ್ದುಕೊಂಡಿತ್ತು.

ಮೊದಲ ವಾರ ಅಂಗಳ ನಕ್ಕಿತು. ಎರಡನೆಯ ವಾರ ಟೇಬಲ್ ರೋಸ್ ಲೋಳೆಯಾಯಿತು. ಸದಾಪುಷ್ಪದ ಬುಡ ಕಪ್ಪಾಗಿ, ಗಾಳಿ ಬೀಸಿದ ಕಡೆಗೆ ಮಲಗಿತು. ಕಾಗದದ ಹೂ ಹಳದಿ ಎಲೆ ಉದುರಿಸುತ್ತಾ ನಿಂತಿತು. ಬೆರಳಿಟ್ಟು ನೋಡಿದೆ. ಮಣ್ಣು ತೊಪ್ಪೆ! ಉರಿಬಿಸಿಲಿನಲ್ಲಿ, ನೀರು ನಿಷೇಧಿಸಿದ ಸಾಮ್ರಾಜ್ಯದಲ್ಲಿ, ಕೆಸರು!

"ಸೋರಿಕೆ!" ಎಂದು ಕೂಗಿದೆ. "ಬೇಲಿ ಪಕ್ಕ ಬೀದಿಯ ಕೊಳವೆ ಹೋಗಿದೆ. ಅದು ಒಡೆದಿದೆ!"

"ಇನ್ನೇನಾದ್ರೂ ಇರಬಹುದಲ್ಲಾ..." ಎಂದಳು ಹೆಂಡತಿ, ಯಾಕೋ ನನ್ನ ಮುಖ ನೋಡದೆ.

"ಇದು ನನ್ನ ಕಸುಬು ಕಣೇ!"

ಕೋಲು ಊರಿದೆ, ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ. ಏನೂ ಕೇಳಿಸದಷ್ಟು ಆಳದಲ್ಲಿ ಸೋರುತ್ತಿದೆ ಎಂದು ತೀರ್ಮಾನಿಸಿದೆ. ವಿದ್ಯೆ ಹೆಚ್ಚಾದರೆ ಹೀಗೆಲ್ಲ ಹೊಳೆಯುತ್ತದೆ! ಭಾನುವಾರ ಹಾರೆ ಹಿಡಿದು ಅಗೆದೆ. ಮೊಣಕಾಲುದ್ದ ಅಗೆದೆ, ಸೊಂಟದುದ್ದ ಅಗೆದೆ. ಕೊನೆಗೆ 'ಠಣ್' ಎಂದಿತು. ಮರುಕ್ಷಣ ನೀರು ಬಟ್ಟೆ ಒಣಹಾಕುವ ತಂತಿಗಿಂತ ಎತ್ತರಕ್ಕೆ ಚಿಮ್ಮಿ, ಒಣಗಿದ್ದ ವಾರದ ಬಟ್ಟೆಯನ್ನೆಲ್ಲ ಮತ್ತೊಮ್ಮೆ ಒಗೆಯಿತು. ಬೀದಿಯ ನಲ್ಲಿಗಳೆಲ್ಲ ಉಸಿರು ನಿಲ್ಲಿಸಿದವು. ಪಕ್ಕದ ಮನೆಯವರು ನೀರು ಕಚೇರಿಗೆ ಫೋನು ಮಾಡಿದರು. ಬಂದವನು ನನ್ನ ಕೈಕೆಳಗಿನ ಫಿಟ್ಟರ್!

ಗುಂಡಿಯಲ್ಲಿ ಸೊಂಟದವರೆಗೆ ಮುಳುಗಿ, ಎರಡು ಅಂಗೈಯಿಂದ ಕೊಳವೆ ಮುಚ್ಚಿ ನಿಂತ ನನ್ನನ್ನು ಅವನು ಭಕ್ತಿಯಿಂದ ನೋಡಿದ.

"ಈ ವಿಳಾಸದಲ್ಲಿ ಭಾರೀ ಸೋರಿಕೆ ಅಂತ ದೂರು ಬಂದಿತ್ತು ಸಾರ್. ಅಷ್ಟರಲ್ಲೇ ಪತ್ತೆ ಮಾಡಿಬಿಟ್ರಾ!"

"ಮೊದಲು ವಾಲ್ವ್ ಮುಚ್ಚೋ!"

ಮುಚ್ಚಿದ. ಕೊಳವೆ ಸವರಿ ನೋಡಿದ. "ಗಟ್ಟಿಮುಟ್ಟಾಗಿತ್ತು ಸಾರ್. ನೀವು ಕೈ ಹಾಕೋ ತನಕ."

ರಿಪೇರಿ ಮುಗಿಯುವವರೆಗೆ ಬೀದಿಗೆಲ್ಲ ನೀರು ಬಂದ್. ಮನೆಯಲ್ಲಿ ಹಿಡಿದಿಟ್ಟ ಬಕೆಟ್ಟುಗಳಷ್ಟೇ ಗತಿ. ಉಳಿದಿದ್ದ ಒಂದೇ ಒಂದು ಕಾಗದದ ಹೂವನ್ನು ಒಣಮಣ್ಣು ತುಂಬಿದ ಕುಂಡಕ್ಕೆ ಎತ್ತಿ ನೆಟ್ಟು ಮಲಗಿದೆ. ಮರುದಿನ ಬೆಳಿಗ್ಗೆ ಆ ಕುಂಡವೂ ತೊಪ್ಪೆ! ಇದು ಕೊಳವೆಯ ಕೆಲಸವಲ್ಲ. ಕುಂಡಕ್ಕೂ ನೆಲಕ್ಕೂ ಸಂಬಂಧವೇ ಇಲ್ಲವಲ್ಲ!

ಅದರ ಮಾರನೆಯ ಬೆಳಗಿನ ಜಾವ ಅಂಗಳದ ಮೂಲೆಯಲ್ಲಿ, ಇನ್ನೂ ತಂತಿಯ ಮೇಲೇ ಇದ್ದ ಬೆಡ್‌ಶೀಟಿನ ಹಿಂದೆ ಅಡಗಿ ನಿಂತೆ. ಕೈಯಲ್ಲಿ ಕೋಲು. ಕಳ್ಳ ಸಿಕ್ಕರೆ ಸೋರಿಕೆ ಪತ್ತೆಗೂ ಆಯಿತು, ಬಾರಿಸಲಿಕ್ಕೂ ಆಯಿತು.

ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು. ಅಪ್ಪ!

ಒಂದು ಕೈ ಗೋಡೆಯ ಮೇಲೆ, ಇನ್ನೊಂದರಲ್ಲಿ ಗಡ್ಡ ಹೆರೆಯುವ ಮಗ್ಗು. ಬಿದ್ದಿದ್ದ ಅದೇ ಮೆಟ್ಟಿಲನ್ನು ಒಂದು ಕಾಲಿಟ್ಟು, ನಿಂತು, ಇನ್ನೊಂದು ಕಾಲಿಟ್ಟು ಇಳಿದರು. ಕೂಗಿದರೆ ಬೆಚ್ಚಿ ಬೀಳುತ್ತಾರೆ. ಉಸಿರು ಹಿಡಿದು ನಿಂತೆ. ಅವರು ಮಗ್ಗು ಬಗ್ಗಿಸಿದರು. ತಲೆ ಎಡಕ್ಕೆ ತಿರುಗಿಸಿ ಕಾದರು. ಅಮ್ಮ ನಿಲ್ಲುತ್ತಿದ್ದದ್ದು ಆ ಎಡಗಡೆ. ಇನ್ನಷ್ಟು ಸುರಿದರು. ಮತ್ತೆ ಕಾದರು. ಮಗ್ಗು ಖಾಲಿಯಾಯಿತು. ಮತ್ತೆ ತುಂಬಿಕೊಂಡು ಬರಲು ತಿರುಗಿದರು.

"ಅಪ್ಪಾ," ಎಂದೆ ಮೆಲ್ಲಗೆ, ಬಂದು ಅವರ ತೋಳು ಹಿಡಿದು.

ಅದೇ ಹೊತ್ತಿಗೆ ಅಡುಗೆಮನೆಯ ಬಾಗಿಲು ತೆರೆಯಿತು. ತರಕಾರಿ ತೊಳೆದ ನೀರಿನ ಬೋಗುಣಿ ಹಿಡಿದು ಹೆಂಡತಿ! ನಮ್ಮಿಬ್ಬರನ್ನೂ ನೋಡಿ ಬೋಗುಣಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟಳು. ಅರ್ಧ ನೀರು ಅವಳ ಬೆನ್ನಿಗೇ ಸುರಿಯಿತು.

"ನೀನೂನಾ?"

"ಅತ್ತೆ ಈ ನೀರನ್ನ ಒಂದು ದಿನವೂ ಮೋರಿಗೆ ಚೆಲ್ಲೋಕೆ ಬಿಟ್ಟೋರಲ್ಲ ರೀ. ನಂಗೂ ಚೆಲ್ಲೋಕೆ ಕೈ ಬರಲ್ಲ." ಅವಳ ಕಣ್ಣು ತುಂಬಿತು. ಮರುಕ್ಷಣವೇ ಅದೇ ಕಣ್ಣು ಕೆಂಪಾಯಿತು. "ನನ್ನೇನು ಕೇಳ್ತೀರಾ? ದಿನಾ ಸಂಜೆ ಆಫೀಸಿಂದ ಬಂದು, ಆ ಕಡೆ ಈ ಕಡೆ ನೋಡಿ, ಬಾಟ್ಲಿ ನೀರು ಬಗ್ಗಿಸೋರು ಯಾರು? ಕಿಟಕಿ ಏನು ಕುರುಡಾ?"

"ಅದು... ಉಳಿದ ನೀರು!"

ಏನು ಹೇಳಲಿ? ಅಮ್ಮನ ಅಂಗಳವನ್ನು ಬರಿಗೈಯಲ್ಲಿ ದಾಟಿ ಮನೆಯೊಳಗೆ ಬರಲು ನನಗಾಗುತ್ತಿರಲಿಲ್ಲ. ಬೆಳಿಗ್ಗೆ ಅಪ್ಪ, ಅವರ ಹಿಂದೆಯೇ ಸೊಸೆ, ಸಂಜೆ ಶಾಸನ ಹೊರಡಿಸಿದ ಚಕ್ರವರ್ತಿಯೇ ಖುದ್ದಾಗಿ! ಪಾಪದ ಗಿಡಗಳು, ಏನನ್ನೂ ಕೇಳದ ಗಿಡಗಳು, ನಮ್ಮ ಮೂವರ ದುಃಖದಲ್ಲಿ ಮುಳುಗಿ ಸತ್ತಿದ್ದವು. ಊರಿನ ನೆಲಕ್ಕೆಲ್ಲ ಕಿವಿಗೊಟ್ಟವನು ನಾನು. ಮನೆಯ ಸೋರಿಕೆ ಕೇಳಿಸಿರಲಿಲ್ಲ.

"ಅಪ್ಪ, ಮಣ್ಣು ಒದ್ದೆ ಇದ್ದಿದ್ದು ಕಾಣಿಸ್ಲಿಲ್ವಾ?"

"ನಾನ್ಯಾವತ್ತು ಮಣ್ಣು ನೋಡಿದ್ದೆ?" ಎಂದರು ಅಪ್ಪ. ಎಷ್ಟೋ ತಿಂಗಳ ನಂತರ ಕೇಳಿದ ಇಡೀ ವಾಕ್ಯ. "ನಿಮ್ಮಮ್ಮ 'ಸಾಕು' ಅನ್ನೋಳು. ನಿಲ್ಲಿಸ್ತಿದ್ದೆ. ಮದುವೆಯಾದಾಗಿಂದ ಹಾಗೇ. ಈಗ ಸುರೀತೀನಿ, ಕಾಯ್ತೀನಿ. ಯಾವಾಗ ನಿಲ್ಲಿಸ್ಬೇಕೋ ಗೊತ್ತಾಗಲ್ಲ ಕಣೋ."

ಮೂವರೂ ಕುಂಡದ ಸುತ್ತ ನಿಂತೆವು.

ಅಂದೇ ಮತ್ತೆ ಸಸಿ ಅಂಗಡಿಗೆ ಹೋದೆವು. ಅಂಗಡಿಯಾಕೆ ಗುರುತು ಹಿಡಿದಳು. "ಏನ್ ಸ್ವಾಮಿ, ಗಿಡಗಳು ಹೇಗಿವೆ?"

"ಹೋದವು," ಎಂದೆ.

"ಅಯ್ಯೋ! ಅವನ್ನೂ ಸಾಯಿಸಿದ್ರಾ!"

ಅಪ್ಪ ನೇರವಾಗಿ ಹೈಡ್ರೇಂಜದ ಬಳಿ ಹೋಗಿ, "ಇದು ಕೊಡಮ್ಮ," ಎಂದರು.

ಆಕೆ ನನ್ನನ್ನು ನೋಡಿ ತಲೆಯಾಡಿಸಿದಳು. "ಬೇಡ ಯಜಮಾನ್ರೇ, ಇದು ಬಲು ಕಾಟ. ಬಿಸಿಲು ತಾಗಿದ್ರೆ ಮುಖ ಬಾಡಿಸುತ್ತೆ. ಹೊತ್ತಿಗೆ ಸರಿಯಾಗಿ ನೋಡ್ಕೊಳ್ಳದಿದ್ರೆ ಮುನಿಸು. ಎಷ್ಟು ಮಾಡಿದ್ರೂ ಒಂದೊಂದು ವರ್ಷ ಹೂವೂ ಬಿಡಲ್ಲ."

ಅಪ್ಪ ತಿರುಗಿ ನನ್ನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದರು.

"ಪರವಾಗಿಲ್ಲಮ್ಮ. ಇವನನ್ನೇ ಬೆಳೆಸಿದ್ದೀವಿ ನಾವು."

'ನಾವು' ಎಂದರು. ನಾನು ತಲೆ ತಗ್ಗಿಸಿ ಕುಂಡ ಹೊತ್ತುಕೊಂಡೆ.

ಹೊಸ ಮಹಾರಾಣಿಯನ್ನು ಮೆಟ್ಟಿಲಿಳಿಯುವ ಅಗತ್ಯವಿಲ್ಲದಂತೆ, ಅಪ್ಪನ ಕುರ್ಚಿಯ ಪಕ್ಕದಲ್ಲೇ, ಬಾಗಿಲ ನೆರಳಿನಲ್ಲಿ ಇಟ್ಟೆವು. ಕ್ಯಾನು ಅಟ್ಟದಲ್ಲೇ ಇರಲಿ, ಮಗ್ಗು ಸಾಕು ಎಂದು ಒಪ್ಪಂದವಾಯಿತು. ನನಗೂ ಒಂದು ಹುದ್ದೆ ಸಿಕ್ಕಿತು. "ನೀನು ಎಡಗಡೆ ನಿಂತ್ಕೋ. ಹೊತ್ತು ನೋಡಿ 'ಸಾಕು' ಅನ್ನು. ಅಷ್ಟೇ ನಿನ್ನ ಕೆಲಸ," ಎಂದರು ಅಪ್ಪ.

ಅಷ್ಟೇ ತಾನೇ! ಸೊಂಟದ ಮೇಲೆ ಕೈಯಿಟ್ಟು ನಿಂತೆ. ಅಪ್ಪ ಮಗ್ಗು ಬಗ್ಗಿಸಿದರು. ಮಣ್ಣು ಕಪ್ಪಾಯಿತು. ಅಂಚಿನವರೆಗೆ ನೀರು ನಿಂತಿತು. ಅಪ್ಪ ತಲೆಯನ್ನು ಎಡಕ್ಕೆ ತಿರುಗಿಸಿ ಕಾದರು. ಅಮ್ಮನನ್ನು ನೋಡುತ್ತಿದ್ದ ಆ ನೋಟ ಬಂದು ನನ್ನ ಮೇಲೆ ನಿಂತಿತು. ಬಾಯಿ ತೆರೆದೆ. ಆ ಒಂದು ಮಾತು ಹೊರಡಲಿಲ್ಲ. ನೀರು ಕುಂಡ ತುಂಬಿ, ಹೊರಚೆಲ್ಲಿ, ಆಫೀಸಿಗೆ ಹಾಕಿಕೊಂಡ ನನ್ನ ಹೊಸ ಬೂಟಿನೊಳಗೆ ಇಳಿಯಿತು.

ಅಡುಗೆಮನೆಯ ಕಿಟಕಿಯಿಂದ ಹೆಂಡತಿ ಕೂಗಿದಳು: "ಸಾಕು ಮಾವಾ!"

ಅಪ್ಪನ ಕೈ ಅಲ್ಲೇ ನಿಂತಿತು. ಮಗ್ಗು ನೆಟ್ಟಗಾಯಿತು. ಅವರು ಕಿಟಕಿಯ ಕಡೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಬೂಟಿನ ಕಡೆ.

"ನೋಡ್ಕೋ," ಎಂದರು, "ಹೀಗೆ ಹೇಳಬೇಕು."