ದೊಡ್ಡಮ್ಮ ಮತ್ತು ಸಕ್ಕರೆ ಡಬ್ಬಿ

ನಮ್ಮ ದೊಡ್ಡಮ್ಮನ ಮೂಗಿಗೆ ಸರ್ಕಾರದವರು ಪಿಂಚಣಿ ಕೊಡಬೇಕಾಗಿತ್ತು. ಕೊಡಲಿಲ್ಲ, ಅದು ಬೇರೆ ಮಾತು. ಆದರೆ ಐವತ್ತರ ದಶಕದ ಕೊನೆಯಲ್ಲಿ ತುಮಕೂರಿನ ನಮ್ಮ ಬೀದಿಯಲ್ಲಿ ಬೆಳೆದ ಯಾವ ಮಗುವನ್ನು ಬೇಕಾದರೂ ಕೇಳಿ ನೋಡಿ. ಸ್ಕೂಲಿನ ಹತ್ತಿರ ಕದ್ದು ಒಂದು ಪೆಪ್ಪರಮೆಂಟು ಚೀಪಿ, ಬಾಯಿ ಮುಕ್ಕಳಿಸಿ, ಮೇಲೊಂದು ಹುಣಿಸೆಹಣ್ಣು ತಿಂದು, ಅದರ ಮೇಲೆ ಬೇವಿನಕಡ್ಡಿ ಜಗಿದುಕೊಂಡು ಬಂದರೂ, ಬಾಗಿಲಲ್ಲಿ ಕೂತ ದೊಡ್ಡಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸದೆಯೇ ಹೇಳಿಬಿಡುತ್ತಿದ್ದರು.

"ಕಿತ್ತಳೆ ಬಣ್ಣದ್ದು ತಿಂದಿದೀಯ. ಬಾ ಇಲ್ಲಿ."

ಬಣ್ಣ ಕೂಡ! ನಾಲಿಗೆ ನೋಡದೆ! ನಂಬುತ್ತೀರಾ?

ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ. ಕುಣಿಗಲ್‌ನಲ್ಲಿ ಅವರದು ಅಕ್ಕಿ ಗಿರಣಿ, ತುಂಬಿದ ಮನೆ. ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ. ಒಂದು ಸಲ ಕಾಲಿನ ಬೆರಳಿಗೆ ಆದ ಗಾಯ ಮಾಯಲಿಲ್ಲ. ಮೊದಲು ಬೆರಳು ಹೋಯಿತು, ಆಮೇಲೆ ಪಾದ ಹೋಯಿತು, ಆಮೇಲೆ ದೊಡ್ಡಪ್ಪನೇ ಹೋದರು. ಮಕ್ಕಳಿಲ್ಲದ ದೊಡ್ಡಮ್ಮ ಒಂದು ಟ್ರಂಕು ಹಿಡಿದು ಬಸ್ಸಿಳಿದು ನಮ್ಮ ಮನೆಗೆ ಬಂದರು. ಬಂದವರು ಮೊದಲು ಮಾಡಿದ ಕೆಲಸ, ನಮ್ಮ ಅಡುಗೆಮನೆಯ ಸಕ್ಕರೆ ಡಬ್ಬಿಯನ್ನು ಎತ್ತಿ ಅಟ್ಟದ ಮೇಲಿಟ್ಟದ್ದು.

ಬೇರೆ ಮನೆಗಳಲ್ಲಿ ಮಕ್ಕಳನ್ನು ಹೆದರಿಸುವುದಕ್ಕೆ ಗುಮ್ಮ ಇರುತ್ತಾನೆ. ನಮ್ಮ ಮನೆಯಲ್ಲಿ ಗುಮ್ಮನಿಗೆ ಕೆಲಸವೇ ಇರಲಿಲ್ಲ. "ಒಂದು ಚಮಚ ಸಕ್ಕರೆ, ಒಂದು ಬೆರಳು!" ಎಂದು ದೊಡ್ಡಮ್ಮ ಕಣ್ಣರಳಿಸಿ ಹೇಳಿದರೆ ಸಾಕು, ನಾವು ಕಾಲು ಮಡಚಿ ಬೆರಳು ಮುಚ್ಚಿಕೊಳ್ಳುತ್ತಿದ್ದೆವು. ಅಣ್ಣನಂತೂ ಬೆಳಿಗ್ಗೆ ಎದ್ದ ಕೂಡಲೆ ದೇವರಿಗೆ ಕೈಮುಗಿಯುವ ಮೊದಲು ಕಾಲ್ಬೆರಳು ಎಣಿಸಿಕೊಳ್ಳುತ್ತಿದ್ದ. ನಾನು ನಡುವಿನವಳು, ಅಣ್ಣ ಎಣಿಸಿದ್ದು ಸರಿಯಿದೆಯೇ ಎಂದು ನೋಡಿಕೊಂಡು ಆಮೇಲೆ ನನ್ನದನ್ನು ಎಣಿಸುತ್ತಿದ್ದೆ. ಕೊನೆಯವಳು ಪುಟ್ಟಿ. ಅವಳಿಗೆ ಭಯವೆಂದರೆ ಏನೆಂದೇ ಗೊತ್ತಿರಲಿಲ್ಲ. "ನಂಗೆ ಹತ್ತು ಬೆರಳಿದೆ ದೊಡ್ಡಮ್ಮ, ಒಂದು ಹೋದ್ರೆ ಹೋಗ್ಲಿ, ಒಂದು ಕಡ್ಲೆಮಿಠಾಯಿ ಕೊಡು" ಅನ್ನುತ್ತಿದ್ದಳು!

ಸಂಕ್ರಾಂತಿ ಬಂತೆಂದರೆ ದೊಡ್ಡಮ್ಮನಿಗೆ ಯುದ್ಧಕಾಲ. ಬೀದಿಯ ಹೆಣ್ಣುಮಕ್ಕಳೆಲ್ಲ ಎಳ್ಳು ಬೀರುವುದಕ್ಕೆ ಬರುತ್ತಿದ್ದರು. ತಟ್ಟೆಯಲ್ಲಿ ಸಕ್ಕರೆ ಅಚ್ಚಿನ ಆನೆ, ಗಿಣಿ, ಬಾಳೆಗೊನೆ. ಬಂದವರಿಗೆ ಬೇಡ ಅನ್ನುವ ಹಾಗಿಲ್ಲ, ಹಬ್ಬ. ಒಂದು ವರ್ಷ ದೊಡ್ಡಮ್ಮ ನಗುನಗುತ್ತ ಎಲ್ಲವನ್ನೂ ಇಸಿದುಕೊಂಡು, ಅವರು ಗೇಟು ದಾಟಿದ ಮೇಲೆ ಅಷ್ಟನ್ನೂ ಒಂದು ಬಕೆಟ್ ನೀರಿಗೆ ಹಾಕಿ ಕದಡಿ ಹಿತ್ತಲಿನ ತೆಂಗಿನ ಮರದ ಬುಡಕ್ಕೆ ಸುರಿದರು. ನಾವು ಮೂವರೂ ಸಾಲಾಗಿ ನಿಂತು, ಆನೆಗಳು ಕರಗಿ ಹೋಗುವುದನ್ನು ಕಣ್ಣಲ್ಲಿ ನೀರು ತುಂಬಿಕೊಂಡು ನೋಡಿದೆವು.

"ಅಲ್ಲಾ ಅಕ್ಕ, ಮರಕ್ಕೆ ಸಕ್ಕರೆ ಹಾಕ್ತಾರೇನೇ?" ಎಂದರು ಅಮ್ಮ.

"ಹಾಕಿದ್ರೆ ಏನಂತೆ? ಅದಕ್ಕೇನು ಕಾಲಿದ್ಯಾ ಕತ್ತರಿಸೋಕೆ?"

ಆ ವರ್ಷದ ಎಳನೀರು ಪಾನಕದ ಹಾಗಿತ್ತು ಎಂದು ಅಣ್ಣ ಇವತ್ತಿಗೂ ಆಣೆ ಮಾಡುತ್ತಾನೆ.

ಇಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ದೊಡ್ಡಪ್ಪನ ಕಾಯಿಲೆಯನ್ನು ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲವಂತೆ, ಇರುವೆಗಳಂತೆ. ಅವರು ಮೂತ್ರಕ್ಕೆ ಹೋದ ಕಡೆ ಇರುವೆ ಸಾಲುಗಟ್ಟುತ್ತಿದ್ದವಂತೆ. ಆದ್ದರಿಂದ ನಮ್ಮ ಹಿತ್ತಲಿನಲ್ಲಿ ದೊಡ್ಡಮ್ಮ ಮೂರು ಮಕ್ಕಳಿಗೂ ಜಾಗ ಗೊತ್ತು ಮಾಡಿಕೊಟ್ಟಿದ್ದರು. ಅಣ್ಣನಿಗೆ ನುಗ್ಗೆಮರ, ನನಗೆ ಒಗೆಯುವ ಕಲ್ಲಿನ ಹಿಂದೆ, ಪುಟ್ಟಿಗೆ ದಾಸವಾಳದ ಗಿಡದ ಪಕ್ಕ. ಪ್ರತಿದಿನ ಕನ್ನಡಕ ಹಾಕಿಕೊಂಡು, ಬಗ್ಗಿ, ಒಂದೊಂದು ಜಾಗವನ್ನೂ ತನಿಖೆ ಮಾಡುತ್ತಿದ್ದರು. ಅಪ್ಪನಿಗೆ ನಾಚಿಕೆಯಿಂದ ತಲೆ ಎತ್ತಿ ಓಡಾಡಲಾಗುತ್ತಿರಲಿಲ್ಲ.

"ಅತ್ತಿಗೆ, ಪಕ್ಕದ್ಮನೆಯವ್ರು ನೋಡ್ತಿದಾರೆ."

"ನೋಡ್ಲಿ ಬಿಡಿ. ಅವರ ಮಕ್ಕಳನ್ನೂ ಕಳಿಸಲಿ, ನೋಡಿ ಹೇಳ್ತೀನಿ."

ಬೀದಿಯೆಲ್ಲ ನಗುತ್ತಿತ್ತು. ನಾವೂ ನಗುತ್ತಿದ್ದೆವು, ದೊಡ್ಡಮ್ಮ ಎದುರಿಗಿಲ್ಲದಾಗ.

ಪುಟ್ಟಿಗೆ ಎಂಟು ತುಂಬಿದ ಮೇಲೆ ಒಂದು ಬೇಸಿಗೆಯಲ್ಲಿ ಅವಳಿಗೆ ವಿಪರೀತ ಬಾಯಾರಿಕೆ ಶುರುವಾಯಿತು. ಹೂಜಿಗೇ ಬಾಯಿಟ್ಟು ಕುಡಿಯುತ್ತಿದ್ದಳು. ಬೇಸಿಗೆ ತಾನೇ ಎಂದುಕೊಂಡರು ಅಮ್ಮ. ಎಷ್ಟು ತಿಂದರೂ ಹಸಿವು ಅನ್ನುತ್ತಿದ್ದಳು, ಆದರೂ ಫ್ರಾಕು ದಿನದಿನಕ್ಕೆ ಸಡಿಲವಾಯಿತು. ಜಂತುಹುಳ ಇರಬೇಕು ಎಂದುಕೊಂಡರು ಅಪ್ಪ. ಒಂದು ಬೆಳಿಗ್ಗೆ ದೊಡ್ಡಮ್ಮ ಎಂದಿನಂತೆ ಹಿತ್ತಲಿಗೆ ಹೋದರು. ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ನಾನು ಹೋಗಿ ನೋಡಿದರೆ ದಾಸವಾಳದ ಗಿಡದ ಪಕ್ಕ ನೆಲದ ಮೇಲೆ ಕೂತಿದ್ದರು. ಅವರ ಮುಂದೆ ಕಪ್ಪಿರುವೆಗಳು ದಾರ ಹಿಡಿದ ಹಾಗೆ ಹೋಗುತ್ತಿದ್ದವು.

ಕೂಗಾಡುತ್ತಾರೆ ಎಂದುಕೊಂಡೆ. ಇಲ್ಲ. ಎದ್ದು ಒಳಗೆ ಬಂದು, ಬಹಳ ಮೆತ್ತಗೆ, "ನಿಮ್ಮೆಜಮಾನ್ರಿಗೆ ಹೇಳೇ, ಇವತ್ತು ಆಫೀಸಿಗೆ ರಜ ಹಾಕ್ಲಿ. ಪುಟ್ಟೀನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು" ಎಂದು ಅಮ್ಮನಿಗೆ ಹೇಳಿದರು. ದೊಡ್ಡಮ್ಮ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅವರ ಯಾವ ಕೂಗಿಗೂ ಹೆದರದಷ್ಟು ಆ ಮೆತ್ತಗಿನ ಮಾತಿಗೆ ಹೆದರಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷೆ ಮಾಡಿ, "ಇನ್ನೊಂದು ವಾರ ಬಿಟ್ಟಿದ್ರೆ ಮಗು ಕೈಗೆ ಸಿಗ್ತಿರಲಿಲ್ಲ" ಎಂದರಂತೆ. ಇದು ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ, ಸಿಹಿ ತಿಂದದ್ದಕ್ಕೆ ಬಂದದ್ದಲ್ಲ, ಯಾರ ತಪ್ಪೂ ಅಲ್ಲ ಎಂದೂ ಹೇಳಿದರಂತೆ. ದೊಡ್ಡಮ್ಮ ನಂಬುತ್ತಾರೆಯೇ? "ಸುಮ್ಸುಮ್ನೆ ಯಾವುದಾದ್ರೂ ಬರುತ್ತೇನ್ರೀ ಡಾಕ್ಟ್ರೆ?" ಎಂದು ಅವರನ್ನೇ ತರಾಟೆಗೆ ತೆಗೆದುಕೊಂಡರಂತೆ.

ಬದುಕಿರುವವರೆಗೂ ದಿನಾ ಇಂಜೆಕ್ಷನ್. ಸಿರಿಂಜು ಕುದಿಸುವುದನ್ನು ನೋಡಿಯೇ ಅಮ್ಮ ತಲೆ ತಿರುಗಿ ಬಿದ್ದರು. ಅಪ್ಪ ಸೂಜಿ ಹಿಡಿದರೆ ಪುಟ್ಟಿಗಿಂತ ಅಪ್ಪನೇ ಹೆಚ್ಚು ನಡುಗುತ್ತಿದ್ದರು. ಕೊನೆಗೆ ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. ಮೊದಲು ಬದನೆಕಾಯಿಗೆ ಚುಚ್ಚಿ ಅಭ್ಯಾಸ ಮಾಡಿದರು. ನಮ್ಮ ಮನೆಯಲ್ಲಿ ಒಂದಷ್ಟು ದಿನ ಇಂಜೆಕ್ಷನ್ ಹಾಕಿಸಿಕೊಂಡ ಬದನೆಕಾಯಿಯ ಹುಳಿಯೇ ಹುಳಿ! "ಯಾವ ಕಾಯಿಲೆನೂ ಬರದ ಬದನೆಕಾಯಿ ಇದು" ಎಂದು ಅಣ್ಣ ತಟ್ಟೆ ಸರಿಸಿ ಎದ್ದುಹೋಗುತ್ತಿದ್ದ.

ಮೂತ್ರಕ್ಕೆ ನೀಲಿ ಔಷಧಿ ಬೆರೆಸಿ ಗಾಜಿನ ಕೊಳವೆಯಲ್ಲಿ ಕಾಯಿಸಿ ನೋಡುವುದನ್ನೂ ಕಲಿತರು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ, ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಬಹಳ ಇದೆ ಎಂದು ಅರ್ಥ. ಪುಟ್ಟಿಯ ಕೊಳವೆ ಕಾಯುವಾಗ ಮನೆಮಂದಿಯೆಲ್ಲ ಸುತ್ತ ನಿಂತಿರುತ್ತಿದ್ದೆವು. ಒಂದೆರಡು ಸಲ ಇಟ್ಟಿಗೆ ಬಣ್ಣ ಬಂದದ್ದೇ ತಡ, ದೊಡ್ಡಮ್ಮ ಪುಟ್ಟಿಯ ಅನ್ನ ಕಡಿಮೆ ಮಾಡಿದರು. ಹಣ್ಣು ತಿನ್ನುವುದನ್ನು ಬಿಡಿಸಿದರು. ಮನೆಯಲ್ಲಿದ್ದ ಬೆಲ್ಲವನ್ನು ಹಸುವಿಗೆ ತಿನ್ನಿಸಿದರು. ಅಟ್ಟದ ಮೇಲಿದ್ದ ಸಕ್ಕರೆ ಡಬ್ಬಿಯನ್ನು ಕೆಳಗಿಳಿಸಿ, ತೊಳೆದು, ಅದರಲ್ಲಿ ಮೆಂತ್ಯ ತುಂಬಿಟ್ಟರು.

ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು. ಇಂಜೆಕ್ಷನ್ ಹಾಕಿದ ಮೇಲೆ ಮಗು ಊಟ ಬಿಡಬಾರದು. ಬಿಟ್ಟು, ಬೆವರಿ ನಡುಗುವುದಕ್ಕೆ ಶುರುವಾದರೆ ತಕ್ಷಣ ಬಾಯಿಗೆ ಸಕ್ಕರೆ ಹಾಕಬೇಕು. ಇದನ್ನು ದೊಡ್ಡಮ್ಮ ಮನೆಗೆ ಬಂದು ಎಲ್ಲರಿಗೂ ನಗುತ್ತ ಹೇಳಿದ್ದರು. "ಸಕ್ಕರೆ ಕಾಯಿಲೆಗೆ ಸಕ್ಕರೆ ಹಾಕಿ ಅಂತಾನಲ್ಲೇ! ಬೆಂಕಿ ಹತ್ಕೊಂಡ್ರೆ ಸೀಮೆಎಣ್ಣೆ ಸುರೀರಿ ಅಂದಂಗಾಯ್ತು!"

ಗುಬ್ಬಿಯಲ್ಲಿ ಅತ್ತೆಯ ಮಗುವಿಗೆ ನಾಮಕರಣವಾಯಿತು. ಎಲ್ಲರೂ ಹೋದೆವು. ಪಂಕ್ತಿಯಲ್ಲಿ ಬಡಿಸುವವರು ಪುಟ್ಟಿಯ ಎಲೆಗೂ ಚಿರೋಟಿ ಹಾಕಿ ಮೇಲೆ ಸಕ್ಕರೆ ಉದುರಿಸಿದರು. ಪುಟ್ಟಿ ಒಂದೇ ಒಂದು ಎಸಳು ಮುರಿದು ಬಾಯಿಗಿಡುವಷ್ಟರಲ್ಲಿ ದೊಡ್ಡಮ್ಮ ಆಚೆ ಸಾಲಿನಿಂದ ಎದ್ದು, ಎಲೆಗಳನ್ನು ದಾಟಿಕೊಂಡು ಬಂದು, ಎಲ್ಲರೆದುರಿಗೆ ಅವಳ ಬಾಯಿಗೆ ಬೆರಳು ಹಾಕಿ ತೆಗೆಸಿಬಿಟ್ಟರು. ಯಾರೋ ಮಕ್ಕಳು ಕಿಸಕ್ಕನೆ ನಕ್ಕರು. ಪುಟ್ಟಿ ಅಳಲಿಲ್ಲ. ತುಮಕೂರಿಗೆ ಬರುವವರೆಗೂ ಬಸ್ಸಿನ ಕಿಟಕಿಯಿಂದ ಆಚೆ ನೋಡುತ್ತ ಕೂತಿದ್ದಳು.

ಮಾರನೆಯ ಬೆಳಿಗ್ಗೆ ಇಂಜೆಕ್ಷನ್‌ಗೆ ತೋಳು ಕೊಟ್ಟಳು. ರಾಗಿರೊಟ್ಟಿ ತಟ್ಟೆಗೆ ಬಂದಾಗ ಮಾತ್ರ, "ನಂಗೆ ಬೇಡ" ಎಂದಳು.

"ತಿನ್ನೇ, ಡಾಕ್ಟ್ರು ಹೇಳಿದಾರೆ" ಎಂದರು ಅಮ್ಮ.

"ನಂಗೆ ಬೇಕಾದ್ದು ನೀವು ಕೊಡಲ್ಲ. ನೀವು ಕೊಡೋದು ನಂಗೆ ಬೇಡ."

"ಬಿಡೇ," ಎಂದರು ದೊಡ್ಡಮ್ಮ, "ಒಂದ್ಹೊತ್ತು ಹೊಟ್ಟೆ ಖಾಲಿ ಇದ್ರೆ ಆ ಕಾಯಿಲೆಗೆ ಒಳ್ಳೇದೇ."

ಅಪ್ಪ ಆಫೀಸಿಗೆ, ಅಣ್ಣ ಸ್ಕೂಲಿಗೆ ಹೋದರು. ಅಮ್ಮ ಕೊಡ ಹಿಡಿದು ಬೀದಿ ಕೊನೆಯ ನಲ್ಲಿಗೆ ಹೋದರು. ಜ್ವರ ಬಂದಿದ್ದರಿಂದ ನಾನು, ಮುನಿಸಿಕೊಂಡಿದ್ದರಿಂದ ಪುಟ್ಟಿ, ಇಬ್ಬರೂ ಸ್ಕೂಲಿಗೆ ಹೋಗದೆ ಮನೆಯಲ್ಲಿದ್ದೆವು. ಸ್ವಲ್ಪ ಹೊತ್ತಿಗೆ ಪುಟ್ಟಿ ಕಾರಣವಿಲ್ಲದೆ ನಗತೊಡಗಿದಳು. ಏನೋ ಹೇಳಲು ಹೋದರೆ ನಾಲಿಗೆ ತೊದಲಿತು. ಹಣೆಯಿಂದ ಬೆವರು ಧಾರೆಯಾಗಿ ಇಳಿಯಿತು. ಕೈ ಹಿಡಿದರೆ ಐಸಿನ ಹಾಗೆ ತಣ್ಣಗೆ, ಎಲೆಯ ಹಾಗೆ ನಡುಗುತ್ತಿತ್ತು. ಕಣ್ಣು ತೆರೆದೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ.

"ದೊಡ್ಡಮ್ಮಾ!" ಎಂದು ಕಿರುಚಿದೆ.

ದೊಡ್ಡಮ್ಮ ಬಂದು ನೋಡಿದರು. ನೋಡಿದ್ದೇ ಅಡುಗೆಮನೆಗೆ ಓಡಿದರು. ಡಬ್ಬಿಗಳು ಒಂದೊಂದಾಗಿ ನೆಲಕ್ಕೆ ಬೀಳುವ ಸದ್ದು ಕೇಳಿಸಿತು. ಮೆಂತ್ಯ, ಸಾಸಿವೆ, ಉಪ್ಪು, ರಾಗಿಹಿಟ್ಟು! ಇಡೀ ಮನೆಯಲ್ಲಿ ಒಂದು ಹರಳು ಸಕ್ಕರೆ ಇಲ್ಲ, ಒಂದು ಚೂರು ಬೆಲ್ಲ ಇಲ್ಲ.

ಬರಿಗಾಲಲ್ಲಿ ಬೀದಿಗೆ ಓಡಿದರು. ನಾನು ಪುಟ್ಟಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಿಂದ ನೋಡುತ್ತಿದ್ದೆ. ದೊಡ್ಡಮ್ಮ ಎದುರು ಮನೆಯ ಬಾಗಿಲನ್ನು ಎರಡೂ ಕೈಯಿಂದ ಬಡಿದರು.

"ಸಕ್ಕರೆ ಇದ್ಯೇನ್ರೀ? ನಿಮ್ಮನೇಲಿ ಸಕ್ಕರೆ ಇದ್ಯಾ?"

ಎದುರು ಮನೆಯಾಕೆ ಬಾಗಿಲು ಅರ್ಧ ತೆಗೆದು, ದೊಡ್ಡಮ್ಮನ ಮುಖ ನೋಡಿದ್ದೇ ಬೆಚ್ಚಿಬಿದ್ದು, "ಅಯ್ಯೋ ಇಲ್ಲಮ್ಮ! ದೇವರಾಣೆಗೂ ಇಲ್ಲ! ನಮ್ಮನೇಲಿ ಸಕ್ಕರೆ ತರೋದೇ ಬಿಟ್ಟುಬಿಟ್ಟಿದೀವಿ!" ಎಂದರು.

ಪಾಪ, ತನಿಖೆಗೆ ಬಂದಿದ್ದಾರೆ ಎಂದುಕೊಂಡಿದ್ದರು! ಆಮೇಲೆ ಎಷ್ಟೋ ವರ್ಷ ಇದನ್ನು ಹೇಳಿಕೊಂಡು ನಮ್ಮ ಬೀದಿ ಹೊಟ್ಟೆ ಹಿಡಿದು ನಕ್ಕಿದೆ. ಆವತ್ತು ಕಿಟಕಿಯಲ್ಲಿ ನನ್ನ ಪ್ರಾಣವೇ ಹೋದಂತಾಯಿತು. ದೊಡ್ಡಮ್ಮ ಆ ಹೆಂಗಸಿನ ಕಾಲು ಹಿಡಿದುಕೊಂಡರು.

"ನಿಮ್ಮ ದಮ್ಮಯ್ಯ ಕಣಮ್ಮ, ಸುಳ್ಳು ಹೇಳ್ಬೇಡಿ. ಮಗು ಹೋಗ್ತಾ ಇದೆ. ಒಂದು ಹಿಡಿ ಕೊಡಿ."

ಆಕೆ ಒಳಗೆ ಓಡಿ, ಅಕ್ಕಿ ಮೂಟೆಯ ಹಿಂದೆ ಬಚ್ಚಿಟ್ಟಿದ್ದ ಡಬ್ಬಿಯನ್ನೇ ತಂದು ಕೈಗಿಟ್ಟರು. ದೊಡ್ಡಮ್ಮ ಬಂದು ಪುಟ್ಟಿಯ ದವಡೆ ಬಿಡಿಸಿ, ಬೆರಳಲ್ಲಿ ಸಕ್ಕರೆ ತೆಗೆದು ಕೆನ್ನೆಯ ಒಳಗೆ, ಒಸಡಿನ ಮೇಲೆ ಉಜ್ಜಿದರು. "ನುಂಗು ಮಗಳೇ, ನುಂಗು ನನ್ನ ಬಂಗಾರ. ಇನ್ನೊಂಚೂರು." ಅವಸರಕ್ಕೆ ಅರ್ಧ ಸಕ್ಕರೆ ನೆಲದ ಮೇಲೆ ಚೆಲ್ಲುತ್ತಿತ್ತು. ಆ ಹೊತ್ತು ಎಷ್ಟು ಉದ್ದವಿತ್ತೋ ನನಗೆ ಹೇಳಲು ಬಾರದು. ಕೊನೆಗೆ ಪುಟ್ಟಿಯ ನಾಲಿಗೆ ತುಟಿ ಸವರಿತು. ಕಣ್ಣು ದೊಡ್ಡಮ್ಮನ ಮುಖದ ಮೇಲೆ ನಿಂತಿತು.

"ದೊಡ್ಡಮ್ಮ, ಇದು ಸಕ್ಕರೆ ಅಲ್ವಾ?" ಎಂದಳು ಸಣ್ಣ ದನಿಯಲ್ಲಿ. "ತಿನ್ಬೋದಾ?"

ದೊಡ್ಡಮ್ಮ ಅವಳನ್ನು ಅವಚಿಕೊಂಡು ಗೋಳೋ ಎಂದು ಅತ್ತರು.

ಅವತ್ತು ಸಾಯಂಕಾಲವೇ ಅಪ್ಪನ ಜೊತೆ ಡಾಕ್ಟರ ಹತ್ತಿರ ಹೋಗಿ, ನಡೆದದ್ದನ್ನೆಲ್ಲ ಹೇಳಿ, ಬೈಸಿಕೊಂಡು ಬಂದರು. "ಎಷ್ಟು ದಿನ ಅಂತ ಅವಳ ಹಿಂದೆ ಓಡ್ತೀರಮ್ಮ? ಊಟ ಕಿತ್ಕೋಬೇಡಿ. ಎಷ್ಟು ತಿನ್ಬೇಕು, ಯಾವಾಗ ಸಾಕು ಅನ್ಬೇಕು ಅನ್ನೋದನ್ನ ಅವಳಿಗೇ ಕಲಿಸಿ. ಹಬ್ಬಕ್ಕೆ ಒಂದು ಚೂರು ತಿಂದ್ರೆ ಅವತ್ತು ಅನ್ನ ಕಮ್ಮಿ ಮಾಡಿ. ಅವಳೂ ಮಗುನೇ ಅಲ್ವಾ?" ಎಂದರಂತೆ. ದೊಡ್ಡಮ್ಮ ಎದುರು ಮಾತಾಡಲಿಲ್ಲವಂತೆ. ಅಪ್ಪನಿಗೆ ಅದೇ ಗಾಬರಿ.

ಭಯ ಹೋಯಿತೇ? ಎಲ್ಲಿ ಹೋದೀತು! ಮೊದಲು ಒಂದು ಭಯವಿತ್ತು, ಈಗ ಎರಡಾಯಿತು: ಸಕ್ಕರೆ ಹೆಚ್ಚಾದೀತೆಂದು ಒಂದು, ಕಡಿಮೆಯಾದೀತೆಂದು ಇನ್ನೊಂದು. ಪುಟ್ಟಿ ಬೆವರಿದರೆ ಓಡಿ ಬರುವರು. ಬೆವರದಿದ್ದರೆ ಯಾಕೆ ಬೆವರಲಿಲ್ಲ ಎಂದು ಓಡಿ ಬರುವರು.

ಮುಂದೆ ಬಂದ ಯುಗಾದಿಗೆ ದೊಡ್ಡಮ್ಮ ತಾವೇ ಒಲೆಯ ಮುಂದೆ ಕೂತು ಒಬ್ಬಟ್ಟು ತಟ್ಟಿದರು. ನಾವು ಬಾಗಿಲಲ್ಲಿ ನಿಂತು ಇದು ನಮ್ಮ ದೊಡ್ಡಮ್ಮನೇ ಹೌದೇ ಎಂದು ನೋಡಿದೆವು. ಪುಟ್ಟಿಯ ಎಲೆಗೆ ಅನ್ನ ಹಾಕದೆ ಇಡೀ ಒಂದು ಒಬ್ಬಟ್ಟು ಹಾಕಿ, ತುಪ್ಪ ಬಿಟ್ಟು, "ನಿಂಗೆ ಗೊತ್ತು. ಎಷ್ಟು ಬೇಕೋ ತಿನ್ನು" ಎಂದರು. ಹೇಳಿದವರು ಅಲ್ಲಿಯೇ ಪಕ್ಕದಲ್ಲಿ, ಅವಳಿಗೆ ಬೆನ್ನು ಮಾಡಿ, ಗೋಡೆ ನೋಡುತ್ತ ಕೂತರು. ಕೈಯಲ್ಲಿ ಸೆರಗಿನ ತುದಿ ಹಿಂಡಿ ಹಿಂಡಿ ಮುದ್ದೆಯಾಗಿತ್ತು. ಒಂದು ಸಲವೂ ತಿರುಗಿ ನೋಡಲಿಲ್ಲ.

ಪುಟ್ಟಿ ನಿಧಾನವಾಗಿ ತಿಂದಳು. ಅರ್ಧಕ್ಕೆ ನಿಲ್ಲಿಸಿದಳು. ಉಳಿದರ್ಧವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿ, ಎದ್ದು, ದೊಡ್ಡಮ್ಮನ ಮುಂದೆ ಹೋಗಿ ಕೂತಳು.

"ನಂಗೆ ಸಾಕು ದೊಡ್ಡಮ್ಮ. ಇದು ನಿಂಗೆ."

ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮ ಒಂದು ಚೂರು ಸಿಹಿ ಬಾಯಿಗಿಟ್ಟವರಲ್ಲ. ಅದು ಆ ಕ್ಷಣದವರೆಗೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಪುಟ್ಟಿ ತಿನ್ನಿಸಿದಳು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಅಗಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು:

"ಬೆಲ್ಲ ಒಂಚೂರು ಕಮ್ಮಿ ಆಯ್ತು ಕಣೇ."