ಟೀಚರಮ್ಮನ ಆರು ಕುಂಡ, ಮೇವು ಬಿಟ್ಟ ಒಂದು ಕುರಿ

ಗಿಡ ಬೆಳೆಸುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಹೋದ ಏಪ್ರಿಲ್ ತಿಂಗಳವರೆಗೂ ನಾನು ಹಾಗೆಂದೇ ನಂಬಿದ್ದೆ.

ಮಕ್ಕಳೇ, ಮೊನ್ನೆ ನೀವು ಹೊಳಲ್ಕೆರೆಯಿಂದ ಬಂದಾಗ, "ಅಜ್ಜಿ, ಕಾಲಿಡಾಕೂ ಜಾಗ ಇಲ್ಲ, ಇಷ್ಟೊಂದು ಹೂಕುಂಡ ಯಾರವು?" ಎಂದು ಕೇಳಿದಿರಿ. ನಾನು ನಕ್ಕು ಒಳಗೆ ಹೋದೆ. ಬಾಯಿಬಿಟ್ಟು ಹೇಳಲು ನಾಚಿಕೆ, ಅದಕ್ಕೆ ಬರೆಯುತ್ತಿದ್ದೇನೆ. ಓದಿದ ಮೇಲೆ ಹರಿದು ಹಾಕಿ.

ನಿಮ್ಮ ಅಜ್ಜ ಹೋದ ಮೇಲೆ ನಾನು ಹಿರೇಗುಂಟನೂರು ಬಿಟ್ಟು ಚಿತ್ರದುರ್ಗಕ್ಕೆ ನಿಮ್ಮ ಮಾವನ ಮನೆಗೆ ಬಂದೆನಲ್ಲ, ಮೂರು ವರ್ಷವಾದರೂ ಈ ಬೀದಿಯಲ್ಲಿ ಒಬ್ಬರ ಪರಿಚಯವೂ ಆಗಿರಲಿಲ್ಲ. ತಪ್ಪು ಬೀದಿಯದಲ್ಲ. ಯಾರಾದರೂ ಎದುರಿಗೆ ಬಂದರೆ ನಾನೇ ಸೆರಗು ಸರಿ ಮಾಡಿಕೊಳ್ಳುತ್ತಾ ಒಳಗೆ ಹೋಗಿಬಿಡುತ್ತಿದ್ದೆ. ಹೀಗಿರುವಾಗ ಒಂದು ದಿನ ಪಕ್ಕದ ಮನೆಯ ಸುಮಾ ಟೀಚರ್ ತಾವಾಗಿಯೇ ನಮ್ಮ ಗೇಟಿಗೆ ಬಂದರು. ಬೇಸಿಗೆ ರಜೆಗೆ ತವರಿಗೆ ಹೊರಟಿದ್ದರು.

"ಅಮ್ಮಾ, ನನ್ನ ಇಂಪೇಷನ್ಸ್ ಗಿಡ ಆರು ಕುಂಡ ಅವೆ. ಒಂದೂವರೆ ತಿಂಗಳು ನೋಡ್ಕಂತೀರಾ? ಮಕ್ಕಳ ತರ ಸಾಕಿದೀನಿ."

ನನಗೆ ಎಷ್ಟು ಸಂತೋಷವಾಯಿತೆಂದರೆ, ಅವರು ಮುಂದೆ ಹೇಳಿದ್ದು ಒಂದೂ ಕಿವಿಗೆ ಬೀಳಲಿಲ್ಲ. ಉಟ್ಟಿದ್ದ ಸೀರೆಯ ಮೇಲೆ ಅರಿಶಿನದ ಕಲೆ ಇತ್ತು. ಅದನ್ನು ಮುಚ್ಚಿಕೊಳ್ಳುವುದರಲ್ಲೇ ನನ್ನ ಗಮನ. ಅವರು ಐದು ನಿಮಿಷ ಏನೇನೋ ಹೇಳಿದರು. ನಾನು ಎಲ್ಲದಕ್ಕೂ "ಹೂಂ" ಎಂದೆ. ಆಟೋ ಹೊರಟಿತು.

ಗಿಡಗಳನ್ನು ನೋಡಿದೆ. ನಮ್ಮೂರಿನ ಕರ್ಣಕುಂಡಲದ ಜಾತಿಯವೇ. ಹೂ ಮಾತ್ರ ಅಗಲ, ಚಪ್ಪಟೆ. ಕೆಂಪು, ಬಿಳಿ, ಗುಲಾಬಿ. ಕರ್ಣಕುಂಡಲ ನಮ್ಮ ಹೊಲದ ಬದುವಿನಲ್ಲಿ ಯಾರ ಹಂಗೂ ಇಲ್ಲದೆ ಬಿಸಿಲಲ್ಲಿ ನಿಂತು ಹೂ ಬಿಡುತ್ತಿತ್ತು. ಪಾಪ, ಈ ಟೀಚರಮ್ಮ ಪೇಟೆಯವರು, ತಿಳಿಯದೆ ಗಿಡಗಳನ್ನು ತಮ್ಮ ಜಗಲಿಯ ಕತ್ತಲೆಯಲ್ಲಿ ಇಟ್ಟಿದ್ದಾರೆ ಎಂದುಕೊಂಡೆ. ಆರೂ ಕುಂಡಗಳನ್ನು ಹೊತ್ತುಕೊಂಡು ಬಂದು ನಮ್ಮ ತಾರಸಿಯ ಮೇಲೆ ಸಾಲಾಗಿ ಇಟ್ಟೆ.

ನಮ್ಮ ದುರ್ಗದ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ. ಬಂಡೆಯೂ ಬೆವರುವ ಬಿಸಿಲು. ಎರಡನೆಯ ದಿನಕ್ಕೆ ಗಿಡಗಳು ಹಿಂಡಿ ಹಾಕಿದ ಬಟ್ಟೆಯ ಹಾಗೆ ಜೋತುಬಿದ್ದವು. ನಾನು ಚೆನ್ನಾಗಿ ಪರೀಕ್ಷೆ ಮಾಡಿ, ಗಂಭೀರವಾಗಿ ಒಂದು ತೀರ್ಮಾನಕ್ಕೆ ಬಂದೆ. ಇವಕ್ಕೆ ಗೊಬ್ಬರ ಸಾಲದು.

ಗೊಬ್ಬರ ಎಂದರೆ ನಮ್ಮವರಿಗೆ ಒಂದೇ ಗೊಬ್ಬರ. ನಿಮ್ಮ ಚಿಕ್ಕಣ್ಣತಾತನಿಗೆ, ಅಂದರೆ ನನ್ನ ತಮ್ಮನಿಗೆ, ಫೋನು ಮಾಡಿದೆ. ಅವನ ಹತ್ತಿರ ಕುರಿಮಂದೆ ಇದೆ. ಮಾರನೆಯ ದಿನ ಬೆಳಗಿನ ಬಸ್ಸಿಗೆ ಒಂದು ಚೀಲ ಕುರಿಹಿಕ್ಕೆ ಹಾಕಿ ಕಳಿಸಿದ. ಮೂರು ವರ್ಷ ಬೀದಿಯಲ್ಲಿ ತಲೆಯೆತ್ತಿ ನಡೆಯದ ನಾನು, ಬಸ್ ಸ್ಟಾಪಿನಿಂದ ಆ ಚೀಲ ಹೊತ್ತು ಬಂದೆ. ಆ ದಿನ ಬೀದಿಯೆಲ್ಲ ತಲೆಯೆತ್ತಿ ನನ್ನನ್ನು ನೋಡಿತು. ವಾಸನೆ ಹಾಗಿತ್ತು.

ಒಂದೊಂದು ಕುಂಡಕ್ಕೂ ನಾಲ್ಕು ನಾಲ್ಕು ಬೊಗಸೆ ಹಾಕಿದೆ. ವಾರದೊಳಗೆ ಎಲೆಗಳ ಅಂಚು ದೋಸೆಯ ಅಂಚಿನ ಹಾಗೆ ಕಂದು ಬಣ್ಣಕ್ಕೆ ತಿರುಗಿತು. ಅದೇ ಹೊತ್ತಿಗೆ ಟೀಚರ್ ಫೋನು.

"ಅಮ್ಮಾ, ನನ್ನ ಮಕ್ಕಳು ಚೆನ್ನಾಗವಾ?"

"ಹೂಂ," ಎಂದೆ. ಮಕ್ಕಳೇ, ನನ್ನ ಇಡೀ ಆಯುಷ್ಯದಲ್ಲಿ ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ಸಣ್ಣ ಮಾತಿನಲ್ಲಿ ನಾನು ಹೇಳಿದ್ದಿಲ್ಲ. ಆ ದಿನ ಊಟ ಸೇರಲಿಲ್ಲ. ಈ ಊರಿನಲ್ಲಿ ನನ್ನನ್ನು ಕರೆದು ಮಾತಾಡಿಸಿದವರು ಒಬ್ಬರೇ. ಗಿಡ ಸತ್ತರೆ ಆ ಮಾತೂ ಸತ್ತಂತೆ.

ಮತ್ತೆ ತಮ್ಮನಿಗೆ ಫೋನು ಮಾಡಿದೆ. "ನಾಳೆ ನಾನೇ ಬರ್ತೀನಿ ತಡಿ ಅಕ್ಕ. ಒಂದು ಕುರಿ ಮೇವು ಬಿಟ್ಟೈತೆ, ದನದ ಆಸ್ಪತ್ರಿಗೆ ತರಬೇಕು," ಎಂದ.

ಬಂದ. ಲಗೇಜ್ ಆಟೋದಿಂದ ಕುರಿಯನ್ನು ಇಳಿಸಿ, ನಮ್ಮ ಕಾಂಪೌಂಡಿನ ಬೇವಿನ ಮರದ ನೆರಳಿಗೆ ಕಟ್ಟಿದ. ತಾರಸಿಗೆ ಹತ್ತಿ ಕುಂಡ ನೋಡಿದವನೇ ತಲೆ ಮೇಲೆ ಕೈ ಇಟ್ಟುಕೊಂಡ.

"ಅಕ್ಕಾ, ಹಸಿ ಹಿಕ್ಕೆ ಹಾಕೀಯಾ? ಎಕರೆ ಹೊಲಕ್ಕೆ ಹಾಕಾದು ಬ್ಯಾರೆ, ಚೊಂಬಿನಷ್ಟು ಕುಂಡಕ್ಕೆ ಹಾಕಾದು ಬ್ಯಾರೆ. ಬೇರು ಬೆಂದು ಹೋಗ್ತಾವೆ. ಅದ್ರ ಮ್ಯಾಲೆ ಈ ಬಿಸ್ಲು ಬ್ಯಾರೆ. ಇವು ನೆರಳಿನ ಗಿಡ ಕಣಕ್ಕ, ಕಾಂಡ ನೋಡು, ಬರೀ ನೀರು."

"ನೀನು ಯಾವಾಗ ಹೂವಿನ ಪಂಡಿತ ಆದ್ಯೋ?"

"ಕುರಿ ಮೇಯಿಸೋನಿಗೆ ಯಾವ ಎಲೆ ಎಲ್ಲಿ ಬೆಳೀತೈತೆ ಅಂತ ಗೊತ್ತಿರಲ್ವೇನಕ್ಕ?"

ಇಬ್ಬರೂ ಕೂತು ಹಿಕ್ಕೆಯನ್ನೆಲ್ಲ ಕೆರೆದು ತೆಗೆದೆವು. ಆರೂ ಕುಂಡಗಳನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಕೆಳಗೆ ಬಂದೆವು. ಮನೆಯ ಸುತ್ತ ಒಳ್ಳೆಯ ನೆರಳು ಇದ್ದದ್ದು ಒಂದೇ ಕಡೆ. ಬೇವಿನ ಮರದ ಕೆಳಗೆ.

"ಕುರಿ ಐತಲ್ಲೋ," ಎಂದೆ.

"ಅದು ಮುಟ್ಟಲ್ಲ ಬಿಡು. ಎಲ್ಡು ದಿನದಿಂದ ಹುಲ್ಲಿನ ಕಡೆ ಕಣ್ಣೆತ್ತಿ ನೋಡಿಲ್ಲ. ಅದಕ್ಕೇ ಅಲ್ವೇನಕ್ಕ ಡಾಕ್ಟ್ರ ಹತ್ರ ಕರ್ಕೊಂಡು ಹೊಂಟಿರಾದು?"

ಅವನ ಮಾತಿನಲ್ಲಿ ನ್ಯಾಯವಿತ್ತು. ಕುಂಡಗಳನ್ನು ಕುರಿಯ ಮುಂದೆ ಅಚ್ಚುಕಟ್ಟಾಗಿ ಸಾಲಾಗಿ ಜೋಡಿಸಿ, ನೀರು ಚಿಮುಕಿಸಿ, ಒಳಗೆ ಟೀ ಕುಡಿಯಲು ಕೂತೆವು.

ಟೀ ಮುಗಿಸಿ ಬಂದು ನೋಡಿದರೆ ಆರು ಕುಂಡಗಳಲ್ಲಿ ಗೇಣುದ್ದ ಮೋಟು ಕಡ್ಡಿಗಳು ಮಾತ್ರ ಉಳಿದಿದ್ದವು. ಕುರಿಯ ಬಾಯಿಯ ಮೂಲೆಯಲ್ಲಿ ಒಂದು ಗುಲಾಬಿ ಎಸಳು ಅಂಟಿಕೊಂಡಿತ್ತು. ನಾನು ಒಂದೊಂದು ಕುಂಡದ ಮುಂದೂ ಬಗ್ಗಿ ಎಲೆ ಹುಡುಕಿದೆ. ನಿಮ್ಮ ಚಿಕ್ಕಣ್ಣತಾತನ ಕಣ್ಣಲ್ಲಿ ನೀರು.

"ಅಕ್ಕಾ, ಮೇವು ತಿಂತು ಕಣೇ. ಇನ್ನು ಆಸ್ಪತ್ರಿ ಬ್ಯಾಡ. ನಿನ್ನ ಪುಣ್ಯ."

ಖುಷಿಯಿಂದ ಕುರಿಯನ್ನು ಆಟೋಗೆ ಹತ್ತಿಸಿಕೊಂಡು ಹೊರಟೇ ಹೋದ.

ಆಮೇಲೆ ನನಗೆ ಮಾಡಲು ಏನೂ ತೋಚಲಿಲ್ಲ. ಮೋಟು ಕಡ್ಡಿಗಳನ್ನು ಆ ನೆರಳಿನಲ್ಲೇ ಬಿಟ್ಟು, ಬೆಳಿಗ್ಗೆ ಸಂಜೆ ನೀರು ಹಾಕಿದೆ. ಅದು ಆರೈಕೆಯಲ್ಲ, ಪ್ರಾಯಶ್ಚಿತ್ತ. ದಿನವೂ ಟೀಚರಿಗೆ ಹೇಳಬೇಕಾದ ಮಾತನ್ನು ಕಡ್ಡಿಗಳ ಮುಂದೆ ನಿಂತು ಒಪ್ಪಿಸುತ್ತಿದ್ದೆ. "ಟೀಚರಮ್ಮ, ನನ್ನಿಂದ ತಪ್ಪಾತು." ಅವು ಎಂಟು ಹತ್ತು ದಿನ ಕೇಳಿಸಿಕೊಂಡು, ಒಂದು ದಿನ ಪ್ರತಿ ಗೆಣ್ಣಿನಿಂದಲೂ ಎರಡೆರಡು ಚಿಗುರು ಒಡೆದವು.

ರಜೆ ಮುಗಿಸಿ ಟೀಚರ್ ಬಂದಾಗ ಕುಂಡಗಳು ತುಂಬಿ ತುಳುಕುತ್ತಿದ್ದವು. ಮೊದಲು ಉದ್ದಕ್ಕೆ ಸೊರಗಿ ನಿಂತಿದ್ದ ಗಿಡಗಳು ಈಗ ಗುಂಡಗೆ, ಬುಟ್ಟಿಯ ಹಾಗೆ. ಮೇಲೆಲ್ಲ ಮೊಗ್ಗು.

"ಅಯ್ಯೋ ಅಮ್ಮಾ, ಎಷ್ಟು ಹದವಾಗಿ ತುದಿ ಚಿವುಟಿ ಕವಲೊಡೆಸೀರಿ. ನನಗೆ ಚಿವುಟಾಕೆ ಮನಸ್ಸೇ ಬರ್ತಿರಲಿಲ್ಲ. ಯಾರು ಹೇಳಿಕೊಟ್ರು ನಿಮಗೆ?"

ಕಲಿತಿಟ್ಟ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು ನನ್ನ ಕೈ ಹಿಡಿದು, "ಬರ್ರಿ ಅಮ್ಮಾ, ನಮ್ಮನೇಲಿ ಕುಂತ್ಕಂಡು ಟೀ ಕುಡಿಯಾಣ," ಎಂದರು. ಮೂರು ವರ್ಷದಲ್ಲಿ ಮೊದಲ ಕರೆ. ನಿಜವನ್ನು ಟೀ ಜೊತೆ ನುಂಗಿಬಿಟ್ಟೆ. "ನಮ್ಮ ಊರ ಕಡೆ ಹಿಂಗೇ," ಎಂದಷ್ಟೇ ಹೇಳಿದೆ. ಅದು ಪೂರ್ತಿ ಸುಳ್ಳೂ ಅಲ್ಲ.

ಅವರು ಬೀದಿಗೆಲ್ಲ ಹೇಳಿದರು. ಈಗ ಯಾರೇ ಊರಿಗೆ ಹೊರಟರೂ ಗಿಡಗಳು ನಮ್ಮ ಗೇಟಿನೊಳಗೆ. ಗುಲಾಬಿ, ತುಳಸಿ, ಹೆಸರೇ ಗೊತ್ತಿಲ್ಲದವು. ಬೆಳಿಗ್ಗೆ ಸಂಜೆ ನೀರು ಹೊತ್ತು ನನ್ನ ಮಂಡಿ ಸವೆದಿದೆ. "ಅಜ್ಜಿಯ ಕೈಗುಣ" ಎನ್ನುತ್ತಾರೆ. ಈ ಕೈ ಟೀಚರಮ್ಮನ ಗಿಡಗಳಿಗೆ ಕೊಟ್ಟದ್ದು ಬಿಸಿಲು ಮತ್ತು ಹಿಕ್ಕೆ. ಚಿವುಟಿದ್ದು ಕುರಿಯ ಬಾಯಿ.

ಹೋದ ಸೋಮವಾರ ನಿಮ್ಮ ಚಿಕ್ಕಣ್ಣತಾತ ಅದೇ ಕುರಿಯನ್ನು ಇನ್ನೇನೋ ಕಾಯಿಲೆಗೆ ಕರೆತಂದಿದ್ದ. ಈ ಸಲ ಗೇಟಿನ ಹೊರಗೆ, ಬಿಸಿಲಲ್ಲಿ ಕಟ್ಟಿಸಿದೆ. ಹೋಗಿ ಬರುವವರೆಲ್ಲ ಮೂಗು ಮುಚ್ಚಿಕೊಂಡು ಅದರಿಂದ ದೂರ ಸರಿದು ನಡೆದು, ಒಳಗೆ ನಿಂತಿದ್ದ ನನಗೆ ನಮಸ್ಕಾರ ಹೇಳಿ ಹೋದರು.