ಸಂಗಡಿಗರಲ್ಲಿ ನಾನೂ ಒಬ್ಬಳು

ನಮ್ಮ ಮನೆಗೆ ಯಾವ ಯಂತ್ರ ಬಂದರೂ ಅದು ನಮಗೆ ಕೆಲಸ ಮಾಡಿಕೊಡುವ ಮೊದಲು ನಮ್ಮ ಕೈಲಿ ಕೆಲಸ ಮಾಡಿಸುತ್ತದೆ. ವಾಷಿಂಗ್ ಮೆಷಿನ್ ಬಂದಾಗ ಬಚ್ಚಲ ಗೋಡೆ ಒಡೆಸಿತು. ನೀರಿನ ಫಿಲ್ಟರ್ ಬಂದಾಗ ಅಡುಗೆ ಕಟ್ಟೆ ಕೊರೆಸಿತು. ಈಗ ಹಾಡಿನ ಪ್ಲೇಟು ತಿರುಗಿಸುವ ಟರ್ನ್‌ಟೇಬಲ್ ಬಂದು ಅರ್ಧ ಊರು ಸುತ್ತಿಸಿದೆ.

ಅದು ಬಂದದ್ದು ನನ್ನ ಹಠಕ್ಕೆ. ಚಿಕ್ಕವಳಿದ್ದಾಗ ಹಲಸೂರಿನಲ್ಲಿ ಸಂಗೀತ ಪಾಠಕ್ಕೆ ಹೋಗುತ್ತಿದ್ದೆ. ಒಬ್ಬ ಗಾಯಕಿಯ ದೇವರನಾಮದ ಪ್ಲೇಟಿಗೆ ಹಿಂದೆ ದನಿಗೂಡಿಸಲು ನಮ್ಮ ಪಾಠದ ಹುಡುಗಿಯರನ್ನೆಲ್ಲ ಕರೆದುಕೊಂಡು ಹೋಗಿದ್ದರು. ಹೊದಿಕೆಯ ಮೇಲೆ ಗಾಯಕಿಯ ಹೆಸರು ದೊಡ್ಡದಾಗಿದೆ. ಅದರ ಕೆಳಗೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ‘ಮತ್ತು ಸಂಗಡಿಗರು’ ಎಂದಿದೆ. ಆ ಸಂಗಡಿಗರಲ್ಲಿ ನಾನೂ ಒಬ್ಬಳು. ಆದರೆ ತೌರಿನಲ್ಲೂ ಪ್ಲೇಯರ್ ಇರಲಿಲ್ಲ, ಗಂಡನ ಮನೆಯಲ್ಲೂ ಇರಲಿಲ್ಲ. ಪ್ಲೇಟು ಇಷ್ಟು ವರ್ಷವೂ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಮಲಗಿತ್ತು.

ನನ್ನ ಮಾತನ್ನು ನಂಬದವರು ಒಬ್ಬರೇ, ನಮ್ಮ ಯಜಮಾನರ ಅಕ್ಕ. ಮದುವೆಯಾದ ಹೊಸದರಲ್ಲಿ ಹೆಮ್ಮೆಯಿಂದ ಪ್ಲೇಟು ತೋರಿಸಿದರೆ, ಹಿಂದೆ ಮುಂದೆ ತಿರುಗಿಸಿ ನೋಡಿ, “ನಿನ್ನ ಹೆಸರೆಲ್ಲಿದೆ? ಸಂಗಡಿಗರು ಅಂದ್ರೆ ಯಾರು ಬೇಕಾದ್ರೂ ಆಗಬಹುದು. ನಾನೂ ಅದರಲ್ಲಿದ್ದೆ ಅಂತೀನಿ, ಏನ್ಮಾಡ್ತೀಯ?” ಅಂದುಬಿಟ್ಟರು. ಅವತ್ತಿನಿಂದ ಮಾರತ್ತಹಳ್ಳಿಯಿಂದ ಯಾವ ಹಬ್ಬಕ್ಕೆ ಬಂದರೂ ಬಾಗಿಲಲ್ಲೇ, “ಏನಮ್ಮ ಸಂಗಡಿಗರು, ಕಾಫಿ ಆಯ್ತಾ?” ಎನ್ನುತ್ತಾರೆ. ಸಾಯುವುದರೊಳಗೆ ಅವರ ಕಿವಿಗೆ ನನ್ನ ದನಿ ಬೀಳಿಸಬೇಕು ಎಂಬುದೊಂದೇ ನನ್ನ ಆಸೆ. ಯಾರು ಸಾಯುವುದರೊಳಗೆ ಅಂತ ನಾನು ಹೇಳಿಲ್ಲ.

೧. ಜರ್ನಿ

ಟರ್ನ್‌ಟೇಬಲ್ ಕೊಳ್ಳಲು ಇಂದಿರಾನಗರದ ಅಂಗಡಿಗೆ ಹೋದೆವು. ಮಿಕ್ಸಿ ತಂದ ಹಾಗೆ ತರುವುದು, ಪ್ಲಗ್ ಚುಚ್ಚುವುದು, ಹಾಡು ಕೇಳುವುದು ಅಂತ ನನ್ನ ಲೆಕ್ಕ. ಅಂಗಡಿಯ ಗಡ್ಡದ ಯುವಕ, ಪ್ಲೇಟಿಗೆ ‘ವಿನೈಲ್’ ಎನ್ನುವವನು, ಹಾಗಲ್ಲ ಎಂದ. ಮಟ್ಟ ನೋಡಲು ಸ್ಪಿರಿಟ್ ಲೆವೆಲ್ ಬೇಕಂತೆ, ಸೂಜಿ ಪ್ಲೇಟಿನ ಮೇಲೆ ಎಷ್ಟು ಭಾರ ಬಿಡುತ್ತದೆಂದು ತೂಗಲು ತಕ್ಕಡಿ ಬೇಕಂತೆ, ಧೂಳು ತೆಗೆಯಲು ಬ್ರಷ್, ಸೂಜಿ ನೇರ ಕೂತಿದೆಯೇ ಎಂದು ನೋಡಲು ಗೆರೆ ಹಾಕಿದ ಪ್ರೊಟ್ರ್ಯಾಕ್ಟರ್.

ನಮ್ಮ ಯಜಮಾನರು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಅಳತೆಯ ಹೆಸರು ಕೇಳಿದ್ದೇ ಮುಖಕ್ಕೆ ಕಳೆ ಬಂತು. “ಇದೆಲ್ಲ ನಾನೇ ಹೊಂದಿಸ್ತೀನಿ, ಮೆಷಿನ್ ಒಂದು ಕೊಡಿ” ಅಂದರು.

ನಾನು ಯುವಕನನ್ನು ಕೇಳಿದೆ, “ಒಂದು ಹಾಡು ಕೇಳೋಕೆ ಇಷ್ಟೆಲ್ಲ ಬೇಕೇನಪ್ಪ?”

ಅವನು ಕಣ್ಣು ಮುಚ್ಚಿಕೊಂಡು, “ಆಂಟಿ, ವಿನೈಲ್ ಈಸ್ ಎ ಜರ್ನಿ” ಅಂದ.

“ನಮ್ಮನೆ ಬಾಣಸವಾಡಿ ಕಣಪ್ಪ. ಸಾಯಂಕಾಲದ ಹೊತ್ತು ಅಲ್ಲಿಗೆ ಹೋಗೋ ಜರ್ನಿನೇ ಸಾಕಾಗಿದೆ” ಅಂದೆ.

೨. ರಸಮಟ್ಟ

ಸ್ಪಿರಿಟ್ ಲೆವೆಲ್ಲಿಗೆ ನಮ್ಮ ಗಾರೆಯವರು ರಸಮಟ್ಟ ಎನ್ನುತ್ತಾರೆ. ಅದು ಪಕ್ಕದ ಮನೆಯ ಗೌಡರ ಬಳಿ ಇತ್ತು. ನಮ್ಮ ಬೀದಿ ಇರುವುದು ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ. ನಮಗೆ ಸೈಟು ಕೊಟ್ಟವರೂ ಅವರೇ, ಬಿಸಿಲಲ್ಲಿ ನಿಂತು ಮನೆ ಕಟ್ಟಿಸಿಕೊಟ್ಟವರೂ ಅವರೇ. ಪ್ಲೇಟು ಹಾಕುವ ವಿಷಯ ಕೇಳಿ ರಸಮಟ್ಟವನ್ನು ಮಗುವಿನ ಹಾಗೆ ತೋಳಲ್ಲಿ ಹಿಡಿದುಕೊಂಡು ತಾವೇ ಬಂದರು.

ಮೊದಲು ಹಾಲ್‌ನ ನೆಲದ ಮೇಲಿಟ್ಟರು. ಒಳಗಿನ ಗುಳ್ಳೆ ನಿಧಾನವಾಗಿ ಒಂದು ಕಡೆಗೆ ಸರಿಯಿತು. ಗೌಡರು ಬೀಗಿದರು. “ನೋಡಿ ಸಾರ್, ಗುಳ್ಳೆ ಸೀದಾ ಈಶಾನ್ಯಕ್ಕೆ ಹೋಯ್ತು. ಮನೆ ನೀರೆಲ್ಲ ಈಶಾನ್ಯಕ್ಕೇ ಹರೀಬೇಕು ಅಂತ ಅವತ್ತೇ ವಾಸ್ತು ನೋಡಿ ಇಳಿಜಾರು ಕೊಡ್ಸಿದ್ದೆ.”

ಯಜಮಾನರು ಸುಮ್ಮನಿರಬಹುದಿತ್ತು. “ಗೌಡ್ರೆ, ನೀರು ಇಳಿಜಾರಿಗೆ ಹೋಗತ್ತೆ, ಗುಳ್ಳೆ ಏರಿಗೆ ಹೋಗತ್ತೆ. ಅಂದ್ರೆ ನಮ್ಮನೆ ನೀರು ನೈಋತ್ಯಕ್ಕೆ ಹೋಗ್ತಿದೆ” ಅಂದರು.

ನೈಋತ್ಯದಲ್ಲಿ ನಮ್ಮ ಮಲಗುವ ಕೋಣೆ. ಹಾಲ್ ತೊಳೆದಾಗಲೆಲ್ಲ ಮಂಚದ ಕೆಳಗೆ ನೀರು ನಿಲ್ಲುವುದು ಏಕೆಂದು ಇಷ್ಟು ವರ್ಷದ ಮೇಲೆ ಅರ್ಥವಾಯಿತು. ಗೌಡರು ರಸಮಟ್ಟವನ್ನು ಹಿಂದುಮುಂದಾಗಿ ಇಟ್ಟರು, ಬೆರಳಲ್ಲಿ ಕುಟ್ಟಿದರು, ಉಫ್ ಎಂದು ಊದಿದರು. ಗುಳ್ಳೆ ಜಗ್ಗಲಿಲ್ಲ. ಕೊನೆಗೆ ಮೆಷಿನ್ ಇಡುವ ಟೇಬಲ್ಲಿನ ಒಂದು ಕಾಲಿಗೆ ರಟ್ಟು ಮಡಿಸಿ ಕೊಟ್ಟು ಮಟ್ಟ ಮಾಡಿದೆವು.

ಹೋಗುವಾಗ ಗೌಡರು ದನಿ ತಗ್ಗಿಸಿ, “ಬೀದಿಯವರಿಗೆ ಹೇಳ್ಬೇಡಮ್ಮ. ಈ ಸಾಲಿನ ಮನೆಗಳೆಲ್ಲ ನಾನೇ ನಿಂತು ಕಟ್ಸಿದ್ದು” ಅಂದರು.

“ನಾನ್ಯಾಕೆ ಹೇಳಲಿ? ಅವರೂ ಮಂಚದ ಕೆಳಗೆ ಬಗ್ಗಿ ನೋಡಿರ್ತಾರೆ ಬಿಡಿ” ಅಂದೆ.

೩. ಬ್ರಷ್

ಬ್ರಷ್‌ಗೆಂದು ಶಿವಾಜಿನಗರಕ್ಕೆ ಹೋದದ್ದು ನಾನೊಬ್ಬಳೇ. ಅಲ್ಲಿ ಸಿಗದ ಬ್ರಷ್ ಪ್ರಪಂಚದಲ್ಲಿಲ್ಲ. ಅಂಗಡಿಯ ಸಾಹೇಬರು, “ಕಾಯ್ಕು ಮೇಡಂ, ಯಾತಕ್ಕೆ?” ಎಂದು ಕೇಳಿದರು.

“ಪ್ಲೇಟ್ ಒರೆಸೋಕೆ.”

ತೆಂಗಿನ ನಾರಿನ ಬ್ರಷ್ ಕೊಟ್ಟರು. ಇದಲ್ಲ ಎಂದೆ. ತಂತಿಯದು ಕೊಟ್ಟರು. ಅದನ್ನು ನೋಡಿಯೇ ನನ್ನ ಎದೆ ಝಲ್ಲೆಂದಿತು. “ಊಟದ ಪ್ಲೇಟ್ ಅಲ್ಲ ಸಾಹೇಬ್ರೆ, ಹಾಡೋ ಪ್ಲೇಟು” ಎಂದು ಬಿಡಿಸಿ ಹೇಳಿದೆ.

ಅವರು ಕೂಸುಗಳ ತಲೆ ಬಾಚುವ ಮೆತ್ತನೆಯ ಬ್ರಷ್ ತೆಗೆದುಕೊಟ್ಟು, ಕಾಗದದಲ್ಲಿ ಸುತ್ತುತ್ತಾ ಹೇಳಿದರು. “ನಮ್ಮನೇಲಿ ಊಟದ ಪ್ಲೇಟೇ ಹಾಡತ್ತೆ ಮೇಡಂ. ಬೇಗಂಗೆ ಗುಸ್ಸಾ ಬಂದ್ರೆ ಸಾಕು.”

೪. ತಕ್ಕಡಿ

ಸೂಜಿಯ ಭಾರ ಎರಡು ಗ್ರಾಂ ಆಸುಪಾಸಿರಬೇಕು. ಹೆಚ್ಚಾದರೆ ಪ್ಲೇಟು ಗೀಚಿಹೋಗುತ್ತದೆ, ಕಡಿಮೆಯಾದರೆ ಸೂಜಿ ಕುಣಿಯುತ್ತದೆ. ಅಷ್ಟು ಸೂಕ್ಷ್ಮದ ತಕ್ಕಡಿ ಇರುವುದು ಚಿನ್ನದ ಅಂಗಡಿಯಲ್ಲಿ. ತಕ್ಕಡಿಯನ್ನು ಯಾರೂ ಮನೆಗೆ ಕೊಡುವುದಿಲ್ಲವಲ್ಲ, ಅದಕ್ಕೇ ಮೆಷಿನ್ನನ್ನೇ ಬೆಡ್‌ಶೀಟಿನಲ್ಲಿ ಸುತ್ತಿ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹಲಸೂರಿನ ನಮ್ಮ ಹಳೆಯ ಆಚಾರಿಗಳ ಅಂಗಡಿಗೆ ಹೋದೆವು.

ಮದುವೆ ಕಾಲ, ಅಂಗಡಿ ತುಂಬ ಹೆಂಗಸರು. ಯಜಮಾನರು ಕೌಂಟರಿನ ಮೇಲೆ ಮೆಷಿನ್ನಿಟ್ಟು, ಸೂಜಿಯನ್ನು ತಕ್ಕಡಿಯ ಮೇಲೆ ಇಳಿಸುತ್ತಾ, “ಹುಷಾರು, ತುದೀಲಿ ವಜ್ರ ಇದೆ” ಎಂದರು. ಅದು ನಿಜವೇ. ಸೂಜಿಯ ತುದಿಯಲ್ಲಿ ಧೂಳಿನ ಕಣದಷ್ಟು ವಜ್ರ ಇರುತ್ತದಂತೆ. ವಜ್ರ ಎಂಬ ಮಾತು ಕಿವಿಗೆ ಬಿದ್ದದ್ದೇ ಸರ, ಬಳೆ ನೋಡುತ್ತಿದ್ದವರೆಲ್ಲ ಬಿಟ್ಟು ನಮ್ಮ ಸುತ್ತ ನೆರೆದರು. “ವೈರಂ ಎಂಗೆ ಮಾ, ವಜ್ರ ಎಲ್ಲಿ?” ಎಂದು ಒಬ್ಬಾಕೆ ನನ್ನ ಭುಜದ ಮೇಲಿಂದ ಇಣುಕಿದರು. ಆಚಾರಿಗಳು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಗಂಭೀರವಾಗಿ ಕೇಳಿದರು, “ಸಾರ್, ಕಲ್ಲಿನ ತೂಕ ಕಳೀಬೇಕಾ?”

ತೂಕ ಸರಿಹೋಯಿತು. ಆದರೆ ಇಣುಕುತ್ತಿದ್ದಾಕೆ ಬಿಡಲಿಲ್ಲ. “ಎಲ್ಲಮ್ಮ, ಏನೂ ಕಾಣಿಸ್ತಿಲ್ವಲ್ಲ?”

“ಇವರು ನನಗೆ ಜನ್ಮದಲ್ಲಿ ಒಂದೇ ಸಲ ವಜ್ರ ಕೊಡ್ಸಿರೋದು. ಅದು ಕಣ್ಣಿಗೆ ಕಾಣೋ ಹಾಗಿರತ್ತಾ?” ಅಂದೆ.

೫. ಪ್ರೊಟ್ರ್ಯಾಕ್ಟರ್

ಇದು ಗೆರೆ, ಚುಕ್ಕೆಗಳಿರುವ ಒಂದು ಕಾಗದ. ಸೂಜಿಯ ತುದಿ ಚುಕ್ಕೆಯ ಮೇಲೆ ಕೂರಬೇಕು, ಸೂಜಿಯ ತಲೆ ಗೆರೆಗೆ ಸಮನಾಗಿ ನಿಲ್ಲಬೇಕು. ಯಜಮಾನರು ಭೂತಗನ್ನಡಿ, ಟಾರ್ಚು, ಪುಟ್ಟ ಸ್ಕ್ರೂಡ್ರೈವರ್ ಹಿಡಿದು ಕೂತರು. ಕೂತವರು ಏಳಲಿಲ್ಲ. ಕಾಗದ ಅಲ್ಲಾಡುತ್ತದೆಂದು ಫ್ಯಾನ್ ಹಾಕುವ ಹಾಗಿಲ್ಲ, ನೆಲ ಅದುರುತ್ತದೆಂದು ನಾನು ನಡೆಯುವ ಹಾಗಿಲ್ಲ. ದಿನವೂ ಸಂಜೆ “ಇವತ್ತೂ ರಿಜೆಕ್ಟ್” ಎಂದು ತೃಪ್ತಿಯಿಂದ ಎದ್ದು ಕೈ ತೊಳೆಯುವರು. ರಿಟೈರ್ ಆದ ಮೇಲೆ ಅವರನ್ನು ಅಷ್ಟು ಸಂತೋಷವಾಗಿ ನಾನು ಕಂಡಿರಲಿಲ್ಲ.

ಇತ್ತ ಅವರ ಅಕ್ಕನ ಫೋನು. “ಏನಮ್ಮ ಸಂಗಡಿಗರು, ಹಾಡು ಬಂತಾ? ಭಾನುವಾರ ಬರ್ತೀನಿ. ಅವತ್ತೂ ಬರ್ಲಿಲ್ಲ ಅಂದ್ರೆ ಆ ಸಂಗಡಿಗರು ನಾನೇ ಅಂತ ಇಟ್ಕೋ.”

ನನಗೆ ರೇಗಿತು. ಹೋಗಿ ಫ್ಯಾನ್ ಹಾಕಿದೆ. ಯಜಮಾನರು ಕಾಗದವನ್ನು ಅಂಗೈಯಲ್ಲಿ ಅದುಮಿ, “ಅಯ್ಯೋ, ಇನ್ನೂ ಅರ್ಧ ಮಿಲಿಮೀಟರ್ ಆಚೆ ಇದೆ ಕಣೇ” ಎಂದರು.

“ನಿಮ್ಮ ಜಾತಕ ಅದಕ್ಕಿಂತ ಆಚೆ ಇತ್ತು. ನಮ್ಮಪ್ಪ ಪಾಸ್ ಮಾಡ್ಲಿಲ್ವಾ?” ಅಂದೆ.

ಅವರು ಸ್ಕ್ರೂ ಬಿಗಿದರು.

೬. ಸೂಜಿ ಇಳಿಯಿತು

ಭಾನುವಾರ ಅಕ್ಕ ಬಂದು ಸೋಫಾದ ನಡುಮಧ್ಯೆ, ತೀರ್ಪು ಕೊಡುವವರ ಹಾಗೆ ಕೂತರು. ಗೌಡರೂ ಬಂದರು, ಆದರೆ ನೆಲದ ಕಡೆ ನೋಡದೆ ಕೂತರು. ನಾನು ಪ್ಲೇಟು ಒರೆಸಿ ಇಟ್ಟೆ. ಯಜಮಾನರು ಉಸಿರು ಹಿಡಿದು ಸೂಜಿ ಇಳಿಸಿದರು.

ಚಟಪಟ ಎಂದು ಸದ್ದಾಯಿತು. “ಒಳಗೆ ಒಗ್ಗರಣೆ ಇಟ್ಟಿದೀರೇನಮ್ಮ?” ಎಂದು ಗೌಡರು ಅಡುಗೆಮನೆ ಕಡೆ ನೋಡಿದರು. ಅಷ್ಟರಲ್ಲಿ ತಂಬೂರಿ ಕೇಳಿಸಿತು, ಗಾಯಕಿಯ ದನಿ ಬಂತು. ಹಿಂದೆಯೇ ನಾವು ಹುಡುಗಿಯರೆಲ್ಲ, “ಕಾಪಾಡು ತಾಯಿ” ಎಂದು ಸೇರಿಕೊಂಡೆವು. ನನ್ನ ಕಣ್ಣು ತುಂಬಿತು.

ಆದರೆ ಎಷ್ಟು ಕಿವಿಗೊಟ್ಟರೂ ನನ್ನ ದನಿ ನನಗೇ ಸಿಗಲಿಲ್ಲ. ಎಲ್ಲರೂ ಒಂದೇ ಹುಡುಗಿಯ ಹಾಗೆ ಹಾಡುತ್ತಿದ್ದೆವು. ನಮ್ಮ ಮೇಷ್ಟರು ಹಾಗೇ ಕಲಿಸಿದ್ದರು. ಇದಕ್ಕೋಸ್ಕರ ಇಷ್ಟು ವರ್ಷ ಕಾದೆನಲ್ಲ ಎಂದು ಅಳು ಬಂತು.

ಅಕ್ಕ ಪಾಪ, ಈ ಸಲ ಚುಚ್ಚಲೆಂದು ಕೇಳಿದ್ದಲ್ಲ. “ಎಲ್ಲಾ ಒಂದೇ ಥರ ಇದ್ಯಲ್ಲಮ್ಮ. ಇದರಲ್ಲಿ ನೀನು ಯಾವುದು?” ಎಂದರು. ನಾನು ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತಾ ಕೂತೆ.

ಹಾಡು ಕೊನೆಗೆ ಬಂತು. ಗಾಯಕಿ ಮುಗಿಸಿದರು. ಮೃದಂಗ ಮುಗಿಸಿತು. “ಕಾಪಾಡು ತಾಯೀ” ಎಂದು ಹುಡುಗಿಯರೂ ಮುಗಿಸಿದರು. ಆಮೇಲೆ, ಎಲ್ಲ ನಿಂತ ಮೇಲೆ, ಒಂದೇ ಒಂದು ತೆಳ್ಳನೆಯ ದನಿ ಒಂಟಿಯಾಗಿ ಮುಂದುವರಿಯಿತು: “…ಯೀ… ತಾಯೀ.”

ಯಜಮಾನರು ಕುರ್ಚಿಯಿಂದ ಎದ್ದೇಬಿಟ್ಟರು. “ಇದೇ. ಇದು ಇವಳೇ.”

“ನಿನಗೆ ಹೇಗೋ ಗೊತ್ತು?” ಎಂದರು ಅಕ್ಕ. “ಆಗ ನೀನು ಇವಳನ್ನ ನೋಡೇ ಇರ್ಲಿಲ್ಲ.”

“ಎಲ್ಲರ ಮಾತೂ ಮುಗಿದ ಮೇಲೆ ಇನ್ನೂ ಒಬ್ಬರದು ಮುಗಿದಿಲ್ಲ ಅಂದ್ರೆ ಅದು ಯಾರು ಅಂತ ನನಗೆ ಗೊತ್ತಾಗಲ್ವಾ ಅಕ್ಕ? ಮದುವೆಯಾದಾಗಿಂದ ಕೇಳ್ತಿದೀನಿ.”

ಅಕ್ಕ ನನ್ನನ್ನೊಮ್ಮೆ ನೋಡಿದರು, ಪ್ಲೇಟನ್ನೊಮ್ಮೆ ನೋಡಿದರು. ಬೇರೆ ಯಾವ ಸಾಕ್ಷಿಯನ್ನೂ ಕೇಳಲಿಲ್ಲ. “ಹೌದು ಕಣೋ, ಇವಳೇ” ಎಂದರು. ಗೌಡರೂ, “ಅನುಮಾನವೇ ಇಲ್ಲ” ಎಂದು ತಲೆಯಾಡಿಸಿದರು.

ಗೆದ್ದ ಸಂತೋಷ ಒಂದು ಕಡೆ, ಯಜಮಾನರ ಮಾತಿಗೆ ಕೋಪ ಒಂದು ಕಡೆ. ಸರಿಯಾದ ಉತ್ತರವೊಂದು ನಾಲಿಗೆಯ ತುದಿಗೇ ಬಂದಿತ್ತು. ಬಾಯಿ ತೆರೆದೆ. ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿದರು, ಹಾಡಿನ ಇನ್ನೊಂದು ಸಾಲು ಬರುವುದೇನೋ ಎಂದು ಕಾಯುವವರ ಹಾಗೆ. ಬಾಯಿ ಮುಚ್ಚಿಕೊಂಡು ಕಾಫಿ ತರಲು ಎದ್ದೆ.